ಓದುವವರಿಲ್ಲ ಎನ್ನುವವರು ಒಮ್ಮೆ ಶಿಡ್ಲಘಟ್ಟಕ್ಕೆ ಬನ್ನಿ

ಹೋದ ವಾರ ಚಿಂತಾಮಣಿಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದವರು, ಚೆನ್ನಾಗಿ ಓದಿಕೊಂಡವರು, ‘ಈಗ ಕಾದಂಬರಿ ಓದುವವರು ಎಲ್ಲಿದ್ದಾರೆ, ಅದರಲ್ಲೂ ನಮ್ಮ ಕಡೆ, ಮನೆಯಲ್ಲಿ ತೆಲುಗು ಮಾತನಾಡುವ ಜನರಲ್ಲಿ’ ಎಂದರು. ಅಲ್ಲಿ ನಾನು ಉತ್ತರ ಕೊಡಲಿಲ್ಲ. ಇಲ್ಲಿ ಕೊಡುತ್ತಿದ್ದೇನೆ.

ಶಿಡ್ಲಘಟ್ಟದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಲೈನಿಂಗ್ ಬಟ್ಟೆ ಇಡುವ ಕಪಾಟಿನ ಕೆಳಗಿನ ಎರಡು ಅರೆಗಳಲ್ಲಿ ಕನ್ನಡ ಕಾದಂಬರಿಗಳಿವೆ. ರವಿಕೆಯ ಅಳತೆ ಬರೆಯುವ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಯಾರು ಯಾವ ಪುಸ್ತಕ ಒಯ್ದರು ಎಂದು ಬರೆದಿಡುತ್ತೇನೆ. ಬಾಡಿಗೆ ಇಲ್ಲ, ಗಡುವೂ ಇಲ್ಲ. ಆರು ವರ್ಷಗಳಲ್ಲಿ ಹಿಂದಿರುಗಿ ಬಾರದ ಪುಸ್ತಕಗಳು ನಾಲ್ಕೇ ನಾಲ್ಕು. ಆ ನೋಟ್‌ಬುಕ್ಕನ್ನು ಯಾರು ಬೇಕಾದರೂ ಬಂದು ನೋಡಬಹುದು. ಓದುವವರಿಗೆ ಇಲ್ಲಿ ಬರವಿಲ್ಲ. ಬರ ಇರುವುದು, ‘ಇದು ನಿನಗೆ ಹಿಡಿಸುತ್ತದೆ, ತೆಗೆದುಕೊಂಡು ಹೋಗು’ ಎಂದು ಕೈಗೆ ಕೊಡುವವರಿಗೆ.

ವಸುಧೇಂದ್ರ ಅವರ ‘ರೇಷ್ಮೆ ಬಟ್ಟೆ’ ಬಂದಾಗ, ಅದು ರೇಷ್ಮೆ ಮಾರ್ಗದ ಕಾಲದ ಕಥೆ ಎಂದು ತಿಳಿದ ಕೂಡಲೇ ತರಿಸಿಕೊಂಡೆ. ರಾಜ್ಯದ ದೊಡ್ಡ ರೇಷ್ಮೆಗೂಡು ಮಾರುಕಟ್ಟೆಗಳಲ್ಲಿ ಒಂದು ಇರುವ ಊರಿನಲ್ಲಿ ಈ ಪುಸ್ತಕ ಇಲ್ಲದಿದ್ದರೆ ಹೇಗೆ? ಮೊದಲು ಕೊಟ್ಟದ್ದು ಹತ್ತಿರದ ಹಳ್ಳಿಯಲ್ಲಿ ಹುಳು ಸಾಕುವ ಒಬ್ಬ ಹೆಂಗಸಿಗೆ. ಹುಳು ಸಾಕುವವರ ಬಿಡುವು ಹುಳುವಿನ ಕೈಯಲ್ಲಿರುತ್ತದೆ. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತಿಗೆ ನಾವು ಹೇಳುವ ಹೆಸರು) ಎದ್ದ ಮೇಲೆ ಹುಳುಗಳು ಹಗಲು ರಾತ್ರಿ ಎನ್ನದೆ ಮೇಯುತ್ತವೆ. ಆಗ ಸೊಪ್ಪು ಹಾಕುವವರಿಗೆ ತಲೆ ಬಾಚಿಕೊಳ್ಳುವುದಕ್ಕೂ ಸಮಯವಿಲ್ಲ. ಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ತಟ್ಟೆಗೆ ಬಿಟ್ಟ ಮೇಲೆ, ಗೂಡು ಬಿಡಿಸುವವರೆಗೆ ನಾಲ್ಕೈದು ದಿನ ಉಸಿರಾಡಬಹುದು. ಆ ದಿನಗಳಲ್ಲಿಯೇ ಅವರು ಓದಿದರು. ಒಂದು ಕಾದಂಬರಿಗೆ ಮೂರು ಬೆಳೆ ಹಿಡಿಯಿತು. ಪುಸ್ತಕ ಹಿಂದಿರುಗಿಸುವಾಗ ಅವರು ಕೇಳಿದ ಪ್ರಶ್ನೆಯನ್ನು ನಾನು ಯಾವ ವಿಮರ್ಶೆಯಲ್ಲಿಯೂ ಕಂಡಿಲ್ಲ: ‘ಚೀನಾದವರು ಅಷ್ಟು ಶತಮಾನ ಈ ಹುಳುವನ್ನು ಹೇಗೆ ಗುಟ್ಟಾಗಿಟ್ಟರು? ಹುಳುಮನೆಯ ವಾಸನೆ ಊರಾಚೆಗೂ ಬರುತ್ತದಲ್ಲ?’

ನಮ್ಮ ಸೀಮೆಗೆ ರೇಷ್ಮೆ ಸಾಕಣೆ ಬಂದದ್ದು ಟಿಪ್ಪು ಸುಲ್ತಾನ್ ಬಂಗಾಳದಿಂದ ತರಿಸಿದ ಮೇಲೆ ಎಂದು ಶಾಲೆಯ ಪಾಠದಲ್ಲಿ ಅವರು ಓದಿದ್ದರು. ಅದಕ್ಕೂ ಹಿಂದೆ ಈ ನೂಲು ಎಷ್ಟು ಮರುಭೂಮಿ, ಎಷ್ಟು ಸಂತೆಗಳನ್ನು ದಾಟಿತ್ತು ಎಂಬ ಕುತೂಹಲವನ್ನು ಅವರಲ್ಲಿ ಹುಟ್ಟಿಸಿದ್ದು ಒಂದು ಕಾದಂಬರಿ. ಚಾರಿತ್ರಿಕ ಕಾದಂಬರಿ ಎಂದರೆ ರಾಜ, ಯುದ್ಧ, ಕೋಟೆ ಎಂದುಕೊಂಡವರಿಗೆ ಅದಕ್ಕೇ ಈ ಪುಸ್ತಕವನ್ನು ಮೊದಲು ಕೊಡುತ್ತೇನೆ.

ಅದೇ ಲೇಖಕರ ‘ತೇಜೋ ತುಂಗಭದ್ರಾ’ 2019ರಲ್ಲಿ ಬಂದದ್ದು. ಒಂದು ಕಡೆ ಲಿಸ್ಬನ್ನಿನ ತೇಜೋ ನದಿ, ಇನ್ನೊಂದು ಕಡೆ ವಿಜಯನಗರದ ಕಾಲದ ತುಂಗಭದ್ರಾ. ಗೇಬ್ರಿಯಲ್ ಎಂಬ ಬಡ ಹುಡುಗ ಬೆಲ್ಲಾ ಎಂಬ ಯಹೂದಿ ಹುಡುಗಿಯನ್ನು ಪ್ರೀತಿಸುತ್ತಾನೆ. ಅವಳನ್ನು ಮದುವೆಯಾಗುವಷ್ಟು ಹಣ ಸಂಪಾದಿಸಬೇಕೆಂದು ಭಾರತದ ಹಡಗು ಹತ್ತುತ್ತಾನೆ. ಇದನ್ನು ನಾನು ಒಬ್ಬ ಹುಡುಗಿಗೆ ಕೊಟ್ಟೆ. ಮನೆಮಾತು ಉರ್ದು, ತಂದೆಗೆ ನೂಲು ತೆಗೆಯುವ ಕೆಲಸ, ನಿಶ್ಚಯವಾದ ಹುಡುಗ ಗಲ್ಫ್ ದೇಶದಲ್ಲಿ ದುಡಿಯುತ್ತಿದ್ದಾನೆ. ದಪ್ಪ ಪುಸ್ತಕ ನೋಡಿ ಹೆದರಿದಳು. ಮೊದಲ ಐವತ್ತು ಪುಟ ಓದು, ಆಮೇಲೆ ನಿನ್ನ ಇಷ್ಟ ಎಂದೆ. ಎರಡು ತಿಂಗಳು ಸುಳಿವಿಲ್ಲ. ಒಂದು ದಿನ ಬಂದು, ಐದು ನೂರು ವರ್ಷದ ಹಿಂದೆಯೂ ಹುಡುಗರು ಇದಕ್ಕೇ ಸಮುದ್ರ ದಾಟುತ್ತಿದ್ದರೇ ಎಂದು ಕೇಳಿದಳು. ಆ ಪ್ರಶ್ನೆ ಕೇಳುವಾಗ ಅವಳ ಮುಖ ಹೇಗಿತ್ತು ಎಂಬುದನ್ನು ಇಲ್ಲಿ ಬರೆಯಲು ನನಗೆ ಮಾತು ಸಾಲದು.

ಜಮೀನು ಕಳೆದುಕೊಂಡವರಿಗೆ ಗಜಾನನ ಶರ್ಮ ಅವರ ‘ಪುನರ್ವಸು’ ಕೊಡುತ್ತೇನೆ. ಶರಾವತಿ ಕಣಿವೆಯಲ್ಲಿ ಅಣೆಕಟ್ಟು ಎದ್ದಾಗ ಮುಳುಗಿದ ಊರುಗಳ ಕಥೆ ಅದು. ನಮ್ಮ ಕಡೆ ಮುಳುಗುವಷ್ಟು ನೀರಿಲ್ಲ. ಆದರೆ ಅಜ್ಜನ ಕಾಲದ ಹೊಲ ಒಂದು ನೋಟಿಸಿನಲ್ಲಿ ಹೋಗುವುದು ಏನೆಂದು ಬಲ್ಲವರು ಪ್ರತಿ ಬೀದಿಯಲ್ಲಿದ್ದಾರೆ.

ಇನ್ನು ಪ್ರೇಮ ಕಾದಂಬರಿಯ ಮಾತು. ಇದನ್ನು ಸ್ವಲ್ಪ ನಿಂತು ಹೇಳಬೇಕು.

ನನ್ನ ಅಮ್ಮ ಏಳನೇ ತರಗತಿಗೆ ಶಾಲೆ ಬಿಟ್ಟವಳು. ವಾರಪತ್ರಿಕೆಯ ಧಾರಾವಾಹಿಗಳ ಪುಟಗಳನ್ನು ಜೋಪಾನವಾಗಿ ಬಿಡಿಸಿಕೊಂಡು, ಕೊನೆಯ ಕಂತು ಬಂದ ಮೇಲೆ ಒಟ್ಟು ಸೇರಿಸಿ, ನೂಲು ತೆಗೆಯುವಾಗ ಉಳಿದ ಒರಟು ರೇಷ್ಮೆ ಎಳೆಯನ್ನು ಹೊಸೆದು ಹೊಲಿದಿಡುತ್ತಿದ್ದಳು. ನನಗೆ ಹೊಲಿಗೆಯ ಮೊದಲ ಪಾಠ ಅದು, ಓದಿನ ಮೊದಲ ಪಾಠವೂ ಅದೇ. ಆ ಕಟ್ಟುಗಳು ಓಣಿಯ ಹತ್ತು ಮನೆ ಸುತ್ತಿ, ಒಗ್ಗರಣೆಯ ವಾಸನೆ ಹೊತ್ತು ಮನೆಗೆ ಬರುತ್ತಿದ್ದವು. ಇಂಥ ಬರಹಕ್ಕೆ ‘ಅಡುಗೆಮನೆ ಸಾಹಿತ್ಯ’ ಎಂದು ಹೆಸರಿಟ್ಟು ಪಕ್ಕಕ್ಕೆ ಸರಿಸಿದವರು ಇದ್ದರು. 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮುಂಚೆಯೇ ತೀರಿಕೊಂಡ ತ್ರಿವೇಣಿ, ‘ಶರಪಂಜರ’ದಲ್ಲಿ ಹೆಣ್ಣಿನ ಮನಸ್ಸಿನ ಕಾಯಿಲೆಯನ್ನು ಅದೇ ಅಡುಗೆಮನೆಗಳಿಗೆ ತಲುಪಿಸಿದರು. ನನ್ನ ಅಮ್ಮ ತನ್ನ ಓರಗಿತ್ತಿಯನ್ನು ‘ಹುಚ್ಚಿ’ ಎಂದು ಕರೆಯುವುದನ್ನು ನಿಲ್ಲಿಸಿದ್ದು ಆ ಪುಸ್ತಕ ಓದಿದ ಮೇಲೆ.

ಆದ್ದರಿಂದ ‘ನನ್ನ ಮಗಳಿಗೆ ಲವ್ ಕಾದಂಬರಿ ಕೊಡಬೇಡಿ’ ಎಂದು ತಾಯಂದಿರು ಹೇಳಿದಾಗ ನನಗೆ ನೋವಾಗುತ್ತದೆ. ಒಬ್ಬರಂತೂ ಮಗಳ ಚೀಲದಿಂದ ಪುಸ್ತಕ ತೆಗೆದು ತಂದು ಮೇಜಿನ ಮೇಲೆ ಇಟ್ಟು ಹೋದರು. ಅಮ್ಮಾ, ನಿಮ್ಮ ಮಗಳ ಕೈಯಲ್ಲಿ ಮೊಬೈಲ್ ಇದೆ. ಅದರಲ್ಲಿ ಅವಳು ದಿನಕ್ಕೊಂದು ಕಂತು ಪ್ರೇಮಕಥೆ ಓದುತ್ತಾಳೆ. ಅವುಗಳಲ್ಲಿ ಕೆಲವು ಚೆನ್ನಾಗಿಯೇ ಇವೆ, ಬರೆಯುವ ಹೆಣ್ಣುಮಕ್ಕಳ ಬಗ್ಗೆ ನನಗೆ ಗೌರವವಿದೆ. ಆದರೆ ಕೆನ್ನೆಗೆ ಹೊಡೆದವನನ್ನು, ಬಲವಂತವಾಗಿ ತಾಳಿ ಕಟ್ಟಿದವನನ್ನು ಕೊನೆಗೆ ನಾಯಕ ಎಂದು ಒಪ್ಪಿಸುವ ಕಥೆಗಳೂ ಅಲ್ಲೇ ಇವೆ. ಅಂಥದ್ದನ್ನು ನಾನು ಯಾರಿಗೂ ಕೊಡುವುದಿಲ್ಲ, ಎಷ್ಟೇ ಜನಪ್ರಿಯವಾಗಿರಲಿ. ಒಳ್ಳೆಯ ಪ್ರೇಮ ಕಾದಂಬರಿ ಓದಿದ ಹುಡುಗಿಗೆ ಹೊಡೆತಕ್ಕೂ ಪ್ರೀತಿಗೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ. ಪ್ರೇಮ ಕಾದಂಬರಿ ಬೇಕು ಎಂದು ಕೇಳುವವರಿಗೆ ನಾನು ‘ತೇಜೋ ತುಂಗಭದ್ರಾ’ವನ್ನೇ ಕೊಡುವುದಕ್ಕೂ ಇದೇ ಕಾರಣ.

ಹದಿಹರೆಯದವರಿಗೆ ಏನು ಕೊಡುವುದು ಎಂಬಲ್ಲಿ ನನ್ನ ಕಪಾಟು ಸೋಲುತ್ತದೆ. ಚಿಕ್ಕವರಿಗೆ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ ಇವೆ. ಮೂರೂ ಕಾದಂಬರಿಗಳು, ಮೂರಕ್ಕೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ. ಹೈಸ್ಕೂಲಿನ ಮೊದಲ ಮೆಟ್ಟಿಲಿನವರೆಗೆ ಇವು ಸಾಕು. ‘ಓಡಿ ಹೋದ ಹುಡುಗ’ವನ್ನು ಹೆಸರು ನೋಡಿಯೇ ಎತ್ತಿಕೊಂಡ ಒಬ್ಬ ಹುಡುಗ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು, ಅವನ ಅಕ್ಕನ ಚೂಡಿದಾರ್ ಮುಗಿಯುವ ಹೊತ್ತಿಗೆ ಅರ್ಧ ಓದಿದ್ದ.

ಆದರೆ ಹದಿನೈದರಿಂದ ಹದಿನೆಂಟು? ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಫಿಲೇಚರ್ (ರೇಷ್ಮೆ ನೂಲು ತೆಗೆಯುವ ಘಟಕ) ಕೆಲಸಕ್ಕೆ ಹೋಗುವ ಹುಡುಗಿ, ಅಪ್ಪನ ಸಾಲ ಗೊತ್ತಿದ್ದೂ ಹೊಸ ಮೊಬೈಲ್ ಬೇಕೆಂದು ಹಟ ಹಿಡಿಯುವ ಹುಡುಗ, ಗೆಳತಿಯ ಮನೆಯಲ್ಲಿ ತನಗೆ ಬೇರೆ ಲೋಟ ಇಟ್ಟದ್ದನ್ನು ನೋಡಿ ಏನೂ ಹೇಳದೆ ಎದ್ದು ಬಂದವಳು. ಇವರಿಗೆ ಇವರದೇ ವಯಸ್ಸಿನ ಮುಖ್ಯ ಪಾತ್ರ ಇರುವ, ಬುದ್ಧಿ ಹೇಳದ ಕಾದಂಬರಿ ಬೇಕು. ಮಕ್ಕಳ ಪುಸ್ತಕ ಕೊಟ್ಟರೆ ಅವಮಾನವಾಯಿತೆಂಬಂತೆ ನೋಡುತ್ತಾರೆ, ದೊಡ್ಡವರದ್ದು ಕೊಟ್ಟರೆ ಇಪ್ಪತ್ತನೇ ಪುಟಕ್ಕೆ ನಿಲ್ಲಿಸುತ್ತಾರೆ. ಸದ್ಯಕ್ಕೆ ನನ್ನನ್ನು ಕಾಪಾಡುತ್ತಿರುವುದು ತೇಜಸ್ವಿಯವರ ‘ಕರ್ವಾಲೊ’. 1980ರ ಪುಸ್ತಕ ಅದು. ಅಷ್ಟು ಹಳೆಯದರ ಮೇಲೆ ಇನ್ನೂ ಎಷ್ಟು ದಿನ ಭಾರ ಹಾಕುವುದು? ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಈ ವಯಸ್ಸಿನವರಿಗಾಗಿ ಬರೆಯಿರಿ. ಒಂದು ಪ್ರತಿ ಶಿಡ್ಲಘಟ್ಟದಲ್ಲಿ ಖಂಡಿತ ಖರ್ಚಾಗುತ್ತದೆ.

ಇನ್ನೊಂದು ಬೇಡಿಕೆಯೂ ಇದೆ. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿತು. ಆ ದಿನ ಅಲ್ಲಿ ಒಬ್ಬ ಹದಿನಾರು ವರ್ಷದ ಹುಡುಗಿ ಇದ್ದಳು ಎಂದುಕೊಳ್ಳಿ. ತಂಗಿಯ ಕೈ ಹಿಡಿದು ನಾಗರಕಲ್ಲುಗಳ ಮರೆಗೆ ಓಡಿದಳು ಎಂದುಕೊಳ್ಳಿ. ಅವಳ ಕಥೆಯನ್ನು ನಮ್ಮ ಸೀಮೆಯ ಕನ್ನಡದಲ್ಲಿ, ನಡುವೆ ತೆಲುಗು ಮಾತು ಬಂದರೆ ಬರಲಿ ಎಂದು ಬರೆಯುವವರು ಬೇಕು. ಮನೆಯಲ್ಲಿ ತಮಿಳು ಮಾತನಾಡುತ್ತಿದ್ದ ಮಾಸ್ತಿ ಈ ಕೋಲಾರ ಸೀಮೆಯಿಂದಲೇ ಹೋಗಿ ‘ಚಿಕವೀರ ರಾಜೇಂದ್ರ’ ಬರೆದರು. ಮದುವೆ ಮನೆಯಲ್ಲಿ ತೆಲುಗಿನ ಮಾತು ಎತ್ತಿದವರಿಗೆ ಇದೂ ಉತ್ತರ.

ಶಿಡ್ಲಘಟ್ಟ ಸುತ್ತಮುತ್ತಲಿನವರು ಪುಸ್ತಕ ಬೇಕಾದರೆ ಬನ್ನಿ. ಭಾನುವಾರ ಮಧ್ಯಾಹ್ನದವರೆಗೆ ಅಂಗಡಿ ತೆರೆದಿರುತ್ತದೆ. ‘ರೇಷ್ಮೆ ಬಟ್ಟೆ’ಗೆ ಸದ್ಯ ಮೂವರು ಕಾಯುತ್ತಿದ್ದಾರೆ. ಈಗ ಅದನ್ನು ಒಯ್ದವರ ಮನೆಯಲ್ಲಿ ಹುಳು ಮೂರನೇ ಜ್ವರದಲ್ಲಿದೆ, ಹಾಗಾಗಿ ಇನ್ನೂ ಮೂರು ವಾರ ಕಾಯಬೇಕಾಗುತ್ತದೆ.