ಅಗ್ಗದ ಚಹಾ ಮತ್ತು ಪಾಲಿನ ಜಗಳ

ಅಮೆರಿಕ ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗ ಅಲ್ಲಿನ ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಸುರಿದ ಕಥೆಯನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ್ದೇವೆ. 1773ರ ಡಿಸೆಂಬರ್ 16ರ ರಾತ್ರಿ, 342 ಪೆಟ್ಟಿಗೆ. ಬ್ರಿಟಿಷರು ಚಹಾ ಮೇಲಿನ ತೆರಿಗೆ ಏರಿಸಿದರು, ಅದಕ್ಕೇ ಜನ ರೊಚ್ಚಿಗೆದ್ದರು ಅಂತ ಪರೀಕ್ಷೆಯಲ್ಲಿ ಬರೆದು ನಾನು ಪೂರ್ತಿ ಅಂಕ ಗಿಟ್ಟಿಸಿದ್ದೆ. ಅದು ತಪ್ಪು ಉತ್ತರ. ಆ ವರ್ಷ ಬಂದ ಕಾಯ್ದೆಯಿಂದ ಚಹಾ ಅಗ್ಗವಾಗುತ್ತಿತ್ತು.

ಈಸ್ಟ್ ಇಂಡಿಯಾ ಕಂಪನಿಯ ಗೋದಾಮುಗಳಲ್ಲಿ ಮಾರಾಟವಾಗದ ಚಹಾ ರಾಶಿ ಬಿದ್ದಿತ್ತು. ಕಂಪನಿ ಮುಳುಗುವ ಸ್ಥಿತಿಗೆ ಬಂದಿತ್ತು. (ಹೈದರಾಲಿ ಆರ್ಕಾಟಿನ ಸೀಮೆಗೆ ನುಗ್ಗಿದ ಸುದ್ದಿ 1769ರಲ್ಲಿ ಲಂಡನ್ ತಲುಪಿದಾಗ ಕಂಪನಿಯ ಷೇರು ದಬಕ್ಕನೆ ಬಿದ್ದಿತ್ತು. ಕಂಪನಿಯ ಕಷ್ಟಕ್ಕೆ ಕಾರಣ ಅದೊಂದೇ ಅಲ್ಲ. ಆದರೂ ಬಾಸ್ಟನ್ ಕಥೆಯಲ್ಲಿ ನಮ್ಮ ಕಡೆಯ ಒಂದು ಎಳೆ ಇದೆ ಅಂತ ಹೇಳಿಕೊಳ್ಳೋಕೆ ಖುಷಿ.) ಕಂಪನಿಯನ್ನು ಉಳಿಸೋಕೆ ಪಾರ್ಲಿಮೆಂಟು ಲಂಡನ್ನಿನಲ್ಲಿ ಕಟ್ಟಬೇಕಿದ್ದ ಸುಂಕ ಬಿಟ್ಟುಕೊಟ್ಟು, ಚಹಾವನ್ನು ನೇರ ಅಮೆರಿಕಕ್ಕೆ ಮಾರಲು ಅನುಮತಿ ಕೊಟ್ಟಿತು. ಅಮೆರಿಕದಲ್ಲಿ ಮೊದಲಿಂದ ಇದ್ದ ಸುಂಕ, ಪೌಂಡಿಗೆ 3 ಪೆನ್ನಿ, ಹಾಗೇ ಉಳಿಯಿತು. ಡಚ್ಚರಿಂದ ಕದ್ದು ತರುತ್ತಿದ್ದ ಚಹಾದ ಜೊತೆ ಪೈಪೋಟಿಗೆ ಇಳಿಯುವಷ್ಟು ಬೆಲೆ ಇಳಿಯಿತು. ಕಳ್ಳಸಾಗಣೆಯಲ್ಲಿ ದುಡ್ಡು ಮಾಡುತ್ತಿದ್ದ ವ್ಯಾಪಾರಿಗಳ ಹೊಟ್ಟೆ ಉರಿದದ್ದು ಸಹಜ. ಆದರೆ ಉಳಿದವರಿಗೇನು? ಅಗ್ಗದ ಚಹಾ ಬಂದರೆ ಯಾರಾದರೂ ನೀರಿಗೆ ಸುರಿಯುತ್ತಾರಾ?

ನಮ್ಮ ಅಜ್ಜನ ಮನೆಯಲ್ಲಿ ಪಾಲಾಗುವ ಮುಂಚೆ ಚಿಕ್ಕಪ್ಪ ಇಪ್ಪತ್ತು ವರ್ಷ ಕೆಳಗಿನ ತೋಟದ ಮನೆಯಲ್ಲಿದ್ದರು. ಬಾವಿ ತೋಡಿಸಿದ್ದು ಅವರೇ, ಬೇಲಿ ಹಾಕಿಸಿದ್ದು ಅವರೇ. ದೊಡ್ಡಪ್ಪ ಆ ಕಡೆ ತಲೆ ಹಾಕಿದವರಲ್ಲ. ಒಂದು ವರ್ಷ ಮನೆ ಸಾಲ ಜಾಸ್ತಿಯಾಯ್ತು ಅಂತ ಆಳು ಕಳಿಸಿ ತೋಟದ ಒಂದು ಮರದ ಹಲಸಿನಕಾಯಿ ಇಳಿಸಿ ಮಾರಿಸಿದರು. ಚಿಕ್ಕಪ್ಪ ಎರಡು ದಿನ ಊಟ ಬಿಟ್ಟರು. ಅವರಿಗೆ ಹಲಸು ಸೇರುತ್ತಲೇ ಇರಲಿಲ್ಲ! "ನನ್ನನ್ನ ಒಂದು ಮಾತು ಕೇಳಬೇಕಿತ್ತು" ಅನ್ನೋದಷ್ಟೇ ಅವರ ಹಟ. ಅಲ್ಲಿಂದ ಶುರುವಾದದ್ದು ಪಾಲುಪಟ್ಟಿಯವರೆಗೆ ಹೋಯಿತು.

ಅಮೆರಿಕದ ಸ್ವಾತಂತ್ರ್ಯದ ಕಥೆ ನನಗೆ ಈಗ ಹೀಗೇ ಕಾಣುತ್ತದೆ. ನಮ್ಮ 1947ರ ಅಳತೆಗೋಲು ಹಿಡಿದು ಅದನ್ನು ಓದಬಾರದು. ಅಲ್ಲಿ ಎದ್ದು ನಿಂತವರು ಆಳಿಸಿಕೊಂಡ ನೆಲದ ಮಕ್ಕಳಲ್ಲ. ಬ್ರಿಟನ್ನಿನಿಂದಲೇ ಹೋಗಿ ಬೇರೆ ಮನೆ ಮಾಡಿಕೊಂಡ ತಮ್ಮಂದಿರು.

ಆ ಬೇರೆ ಮನೆ ಸುಲಭಕ್ಕೆ ಎದ್ದದ್ದಲ್ಲ. 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನಿಗೆ ಬಂದು ಇಳಿದವರು ಚಿನ್ನದ ಆಸೆಗೆ ಬಂದವರು. 1609-10ರ ಚಳಿಗಾಲದಲ್ಲಿ ಅವರು ಕುದುರೆ, ನಾಯಿ, ಇಲಿ ತಿಂದರು. ಸುಮಾರು 500 ಜನರಲ್ಲಿ ಉಳಿದದ್ದು 60ರ ಆಸುಪಾಸು. ಕೊನೆಗೆ ಕೈಹಿಡಿದದ್ದು ಚಿನ್ನವಲ್ಲ, ಹೊಗೆಸೊಪ್ಪು. ಉತ್ತರದಲ್ಲಿ 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದ 102 ಜನರಲ್ಲಿ ಅರ್ಧದಷ್ಟು ಮೊದಲ ಚಳಿಗಾಲವನ್ನೇ ದಾಟಲಿಲ್ಲ. ಉಳಿದವರಿಗೆ ಮೀನು ಗೊಬ್ಬರ ಹಾಕಿ ಮೆಕ್ಕೆಜೋಳ ಬೆಳೆಯೋದನ್ನು ಕಲಿಸಿದವನು ಅಲ್ಲಿನವನೇ ಆದ ಟಿಸ್ಕ್ವಾಂಟಮ್. ಅವನ ಊರಿಗೆ ಊರೇ ಅದಕ್ಕೂ ಮುಂಚೆ ರೋಗಕ್ಕೆ ಸತ್ತು ಖಾಲಿಯಾಗಿತ್ತು. ಪ್ಲಿಮತ್ ಎದ್ದದ್ದು ಆ ಖಾಲಿ ಊರಿನ ಮೇಲೆ.

ಲಂಡನ್ನಿಗೆ ಒಂದು ಕಾಗದ ಹೋಗಿ ಉತ್ತರ ಬರೋಕೆ ಕೆಲವು ತಿಂಗಳು ಬೇಕಿತ್ತು. ಅಷ್ಟರಲ್ಲಿ ಇಲ್ಲಿ ಬೆಳೆ ಕೊಯ್ಲೇ ಮುಗಿದಿರುತ್ತಿತ್ತು. ಹಾಗಾಗಿ ಜನ ಕಾಯಲಿಲ್ಲ. ವರ್ಜೀನಿಯಾದಲ್ಲಿ 1619ರಲ್ಲೇ ಚುನಾಯಿತ ಸಭೆ ಕೂತಿತು. ಮ್ಯಾಸಚೂಸೆಟ್ಸ್ ಕಡೆ ಊರೂರಿನ ಸಭೆಗಳು. ಯಾವ ರಸ್ತೆ ರಿಪೇರಿ ಮಾಡಬೇಕು, ಯಾರ ಹಂದಿ ಯಾರ ಹೊಲಕ್ಕೆ ನುಗ್ಗಿತು, ಎಲ್ಲ ಅಲ್ಲೇ ತೀರ್ಮಾನ. 50 ಮನೆ ಇರುವ ಊರು ಓದು ಬರಹಕ್ಕೆ ಒಬ್ಬ ಮೇಷ್ಟ್ರನ್ನು ಇಟ್ಟುಕೊಳ್ಳಲೇಬೇಕು ಅಂತ 1647ರಲ್ಲಿ ಕಾನೂನು ಬಂತು. ತೆರಿಗೆ ಹಾಕೋದೂ ಅವರದೇ ಸಭೆ, ಗವರ್ನರ್‌ಗೆ ಸಂಬಳ ಕೊಡೋದೂ ಬಹಳ ಕಡೆ ಅವರದೇ ಸಭೆ. ರಾಜ ಕಳಿಸಿದ ಗವರ್ನರ್ ಜಾಸ್ತಿ ಹಾರಾಡಿದರೆ ಸಂಬಳ ತಡವಾಗುತ್ತಿತ್ತು, ಅಷ್ಟೇ. ನೂರೈವತ್ತು ವರ್ಷ ಹೀಗೆ ನಡೆದರೆ ಅದು ಅಭ್ಯಾಸವಾಗಿ ಉಳಿಯೋದಿಲ್ಲ, ಹಕ್ಕಾಗಿಬಿಡುತ್ತದೆ.

ಹಾಗಂತ ದೊಡ್ಡ ಮನೆಯ ಮೇಲೆ ಅವರಿಗೆ ಮುನಿಸೇನೂ ಇರಲಿಲ್ಲ. ವ್ಯಾಮೋಹವೇ ಇತ್ತು. ಬಟ್ಟೆ, ಪಿಂಗಾಣಿ, ಗಾಡಿ ಎಲ್ಲ ಲಂಡನ್ನಿನಿಂದಲೇ ಬರಬೇಕು. ಜಾರ್ಜ್ ವಾಷಿಂಗ್ಟನ್ ಹೊಗೆಸೊಪ್ಪು ಕಳಿಸಿ ಅಲ್ಲಿಂದ ಸಾಮಾನು ತರಿಸುತ್ತಿದ್ದ. ನಮ್ಮ ಮುತ್ತಜ್ಜಂದಿರ ಕಾಲದ ಮಾಲನ್ನು ಇಲ್ಲಿಗೆ ದಾಟಿಸುತ್ತೀರಿ ಅಂತ 1760ರಲ್ಲಿ ತನ್ನ ಲಂಡನ್ ಏಜೆಂಟರಿಗೆ ಗೊಣಗಿ ಬರೆದಿದ್ದ. ನಮ್ಮನ್ನು ಹಳ್ಳಿ ಗುಗ್ಗು ಅಂದುಕೊಂಡಿದ್ದಾರೆ ಅನ್ನುವ ಆ ಉರಿ ಇದೆಯಲ್ಲ, ಅದನ್ನು ಕಡೆಗಣಿಸಿ ಈ ಇತಿಹಾಸ ಓದಿದರೆ ಅರ್ಧವೂ ಸಿಗೋದಿಲ್ಲ ಅಂತ ನನ್ನ ಅನಿಸಿಕೆ.

1763ಕ್ಕೆ ಫ್ರಾನ್ಸಿನ ಜೊತೆಗಿನ ಯುದ್ಧ ಮುಗಿಯಿತು. ಬ್ರಿಟನ್ ಗೆದ್ದಿತು, ಸಾಲ ಬೆಟ್ಟವಾಯಿತು. ನಿಮ್ಮ ರಕ್ಷಣೆಗೂ ತಾನೇ ಖರ್ಚು ಮಾಡಿದ್ದು, ಒಂದಿಷ್ಟು ಕೊಡಿ ಅಂತ ಲಂಡನ್ ಕೇಳಿತು. ಅದು ತೀರಾ ಅನ್ಯಾಯದ ಮಾತೇನಲ್ಲ. ಇಂಗ್ಲೆಂಡಿನಲ್ಲೇ ಇದ್ದವರು ಇದಕ್ಕಿಂತ ಎಷ್ಟೋ ಹೆಚ್ಚು ತೆರಿಗೆ ಕಟ್ಟುತ್ತಿದ್ದರು. ತಪ್ಪಿದ್ದು ಕೇಳಿದ ರೀತಿಯಲ್ಲಿ, ಅಲ್ಲಿನ ಸಭೆಗಳ ಒಪ್ಪಿಗೆ ಇಲ್ಲದೆ ಹೇರಿದ್ದರಲ್ಲಿ. 1765ರ ಸ್ಟಾಂಪ್ ಕಾಯ್ದೆ ಕೋರ್ಟಿನ ಕಾಗದ, ಪತ್ರಿಕೆ, ಇಸ್ಪೀಟೆಲೆ ಎಲ್ಲಕ್ಕೂ ಮುದ್ರೆ ಕಡ್ಡಾಯ ಮಾಡಿತು. ವಕೀಲರು, ಪತ್ರಿಕೆಯವರು, ಹೆಂಡದಂಗಡಿಯಲ್ಲಿ ಇಸ್ಪೀಟಾಡುವವರು, ಮೂವರನ್ನೂ ಒಂದೇ ದಿನ ಎದುರು ಹಾಕಿಕೊಂಡರೆ ಇನ್ನೇನಾಗುತ್ತೆ ಹೇಳಿ. ಮರು ವರ್ಷವೇ ಕಾಯ್ದೆ ವಾಪಸ್ ಹೋಯಿತು. ಆದರೆ ಎಲ್ಲ ವಿಷಯದಲ್ಲೂ ನಿಮ್ಮನ್ನು ಕಟ್ಟಿಹಾಕುವ ಅಧಿಕಾರ ನಮಗಿದೆ ಅಂತ ಅದರ ಜೊತೆಗೇ ಇನ್ನೊಂದು ಕಾಯ್ದೆ ಬರೆದಿಟ್ಟರು. ಹಲಸಿನಕಾಯಿ ವಾಪಸ್ ಕೊಟ್ಟು, ಮರ ಮಾತ್ರ ನಂದೇ ಅಂದ ಹಾಗೆ.

ಆಮೇಲಿನ ಬಹಿಷ್ಕಾರದ ದಿನಗಳಲ್ಲಿ ನನಗೆ ಇಷ್ಟವಾದದ್ದು ಹೆಂಗಸರ ನೂಲುವ ಕೂಟಗಳು. ಇಂಗ್ಲೆಂಡಿನ ಬಟ್ಟೆ ಬೇಡ ಅಂತ ಊರಿನ ಹೆಂಗಸರು ಒಂದೆಡೆ ಸೇರಿ ಇಡೀ ದಿನ ನೂಲುತ್ತಿದ್ದರು. 1768ರಲ್ಲಿ ಹಾರ್ವರ್ಡಿನ ಹುಡುಗರು ಮನೆಯಲ್ಲೇ ನೇಯ್ದ ಒರಟು ಬಟ್ಟೆ ತೊಟ್ಟು ಪದವಿ ತಗೊಂಡರು. ನಮ್ಮ ಖಾದಿಗೆ ಒಂದೂವರೆ ಶತಮಾನ ಮುಂಚೆ!

ಮುಂದಿನದ್ದು ನಿಮಗೆ ಗೊತ್ತು. ಚಹಾ ಸುರಿದ ತಪ್ಪಿಗೆ ಬಾಸ್ಟನ್ ಬಂದರು ಮುಚ್ಚಿದರು. 1775ರ ಏಪ್ರಿಲ್‌ನಲ್ಲಿ ಲೆಕ್ಸಿಂಗ್ಟನ್ ಬಳಿ ಗುಂಡು ಹಾರಿತು. ಅಷ್ಟಾದ ಮೇಲೂ ಆ ಜುಲೈನಲ್ಲಿ ರಾಜನಿಗೆ ರಾಜಿಯ ಅರ್ಜಿ ಬರೆದರು. ರಾಜ ಅದಕ್ಕೆ ಉತ್ತರವನ್ನೇ ಕೊಡಲಿಲ್ಲ. ಇನ್ನೊಂದು ವರ್ಷಕ್ಕೆ, 1776ರ ಜುಲೈ 4ಕ್ಕೆ, ಸ್ವಾತಂತ್ರ್ಯದ ಘೋಷಣೆ.

ನಮ್ಮ ತೋಟದ ಜಗಳದಲ್ಲಿ ಒಂದು ಕುಟುಂಬದ ಹೆಸರೇ ಬರಲಿಲ್ಲ. ಮೂರು ತಲೆಮಾರಿಂದ ಅಲ್ಲಿ ದುಡಿಯುತ್ತಿದ್ದವರು. ಅಮೆರಿಕದಲ್ಲೂ ಹಾಗೇ. ವರ್ಜೀನಿಯಾದ ಮೊದಲ ಸಭೆ ಕೂತ ಅದೇ 1619ರಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ಇಪ್ಪತ್ತಕ್ಕಿಂತ ತುಸು ಹೆಚ್ಚು ಆಫ್ರಿಕನ್ನರನ್ನು ಅಲ್ಲಿ ತಂದು ಇಳಿಸಿದ್ದರು. ಸ್ವಾತಂತ್ರ್ಯದ ಹೊತ್ತಿಗೆ 25 ಲಕ್ಷ ಜನರಲ್ಲಿ ಐದರಲ್ಲೊಬ್ಬರು ಗುಲಾಮರು. 1775ರಲ್ಲಿ ವರ್ಜೀನಿಯಾದ ಗವರ್ನರ್, ಬಂಡಾಯಗಾರರ ಗುಲಾಮರು ನಮ್ಮ ಕಡೆ ಬಂದು ಬಂದೂಕು ಹಿಡಿದರೆ ಬಿಡುಗಡೆ ಅಂದ. ನೂರಾರು ಜನ ಓಡಿಹೋಗಿ ಸೇರಿದರು. ಅವರ ಪಾಲಿಗೆ ಸ್ವಾತಂತ್ರ್ಯ ಇದ್ದದ್ದು ರಾಜನ ಕಡೆ. ಇನ್ನು ಮೂಲನಿವಾಸಿಗಳು. ಗುಡ್ಡಸಾಲಿನ ಆಚೆ ಅವರ ನೆಲಕ್ಕೆ ಹೋಗಿ ನೆಲೆಸಬೇಡಿ ಅಂತ 1763ರಲ್ಲಿ ರಾಜ ಗೆರೆ ಎಳೆದದ್ದೂ ತಮ್ಮಂದಿರ ದೂರುಗಳಲ್ಲಿ ಒಂದು. ಇದನ್ನು ಜುಲೈ 4ರ ಪಟಾಕಿಯ ನಡುವೆ ಯಾರೂ ಹೇಳೋದಿಲ್ಲ.

ಈ ಯುದ್ಧದಲ್ಲಿ, 1781ರಲ್ಲಿ, ವರ್ಜೀನಿಯಾದ ಯಾರ್ಕ್‌ಟೌನಿನಲ್ಲಿ ಸೋತ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಹತ್ತೇ ವರ್ಷಕ್ಕೆ ಬೆಂಗಳೂರು ಕೋಟೆ ಒಡೆದ ಅನ್ನೋದು ನಮಗೆ ಗೊತ್ತಿರುವ ಕಥೆ. "ನಿಮ್ಮನ್ನು ಕಟ್ಟಿಹಾಕುವ ಅಧಿಕಾರ ನಮಗಿದೆ" ಅನ್ನುವ ಆ ಕಾಯ್ದೆಗೆ ಪ್ರಭುಗಳ ಸಭೆಯಲ್ಲಿ ವಿರುದ್ಧವಾಗಿ ಮತ ಹಾಕಿದ ಐವರಲ್ಲಿ ಅವನೂ ಒಬ್ಬ! ತಮ್ಮಂದಿರ ಮೇಲೆ ಇದ್ದ ಆ ಮರುಕ ಶ್ರೀರಂಗಪಟ್ಟಣದ ಹೊತ್ತಿಗೆ ಎಲ್ಲಿ ಹೋಗಿತ್ತೋ. ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡದ್ದಲ್ಲದೆ ಇಬ್ಬರು ಮಕ್ಕಳನ್ನೂ ಒತ್ತೆ ಇಟ್ಟುಕೊಂಡ.

ಪಾಲಿನ ಜಗಳ ಅಂದೆನಲ್ಲ, ಅದು ಬರೀ ಹೋಲಿಕೆಗೆ ಹೇಳಿದ್ದಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಘೋಷಣೆಗೆ ಸಹಿ ಹಾಕಿದವನು. ಅವನ ಮಗ ವಿಲಿಯಂ ರಾಜನ ಪರವಾಗಿ ನ್ಯೂಜೆರ್ಸಿಯ ಗವರ್ನರ್. 1776ರಲ್ಲಿ ಅಪ್ಪನ ಕಡೆಯವರೇ ಮಗನನ್ನು ಬಂಧಿಸಿದರು. ಅವನು ಸೆರೆಯಲ್ಲಿ ಇದ್ದಾಗಲೇ ಹೆಂಡತಿ ತೀರಿಕೊಂಡಳು. ಯುದ್ಧ ಮುಗಿದ ಮೇಲೆ, 1785ರಲ್ಲಿ, ಇಂಗ್ಲೆಂಡಿನ ಸೌತ್‌ಹ್ಯಾಂಪ್ಟನ್ನಿನಲ್ಲಿ ಅಪ್ಪ ಮಗ ಕೆಲವು ದಿನ ಎದುರುಬದುರು ಕೂತರು. ಮಾತಾಡಿದ್ದು ಲೆಕ್ಕಾಚಾರ. ನನಗೆ ಕೊಡಬೇಕಾದ ಬಾಕಿ ಇದೆ, ನಿನ್ನ ಜಮೀನು ಬರೆದುಕೊಡು ಅಂತ ಅಪ್ಪ. ಮಗ ನ್ಯೂಜೆರ್ಸಿಯ ಹೊಲವನ್ನು ಕೊಂಡದ್ದಕ್ಕಿಂತ ಕಡಿಮೆಗೆ ತನ್ನ ಮಗನ ಹೆಸರಿಗೇ ಬರೆದುಕೊಟ್ಟ. ಆಮೇಲೆ ಅಪ್ಪ ಮಗ ಒಬ್ಬರನ್ನೊಬ್ಬರು ನೋಡಲಿಲ್ಲ. ಮೂಲನಿವಾಸಿಗಳಾದ ಲೆನಾಪೆ ಜನರ ಹಳೇ ಸೀಮೆಯ ಆ ಹೊಲದ ಪತ್ರ ಮೊಮ್ಮಗನ ಜೊತೆ ಹಡಗು ಹತ್ತಿತು.