ಆ ಸ್ಕ್ರೂ ಮುಟ್ಟಬೇಡಿ ಸ್ವಾಮಿ

ಗೊರೂರು ಹಿನ್ನೀರಿನ ದಡದಲ್ಲಿ ಇವತ್ತು ನೋಡಿದ್ದಕ್ಕೆ ಇನ್ನೂ ಮೈ ಉರೀತಿದೆ. 40 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ಬೋಟಿನ ಹಿಂಬದಿಗೆ ತಗುಲಿಸೋ ಎಂಜಿನ್. ಸ್ಟಾರ್ಟ್ ಆಗುತ್ತೆ, ಸ್ವಲ್ಪ ದೂರ ಓಡುತ್ತೆ, ಆಮೇಲೆ ಕೆಮ್ಮಿ ಕೆಮ್ಮಿ ನಿಲ್ಲುತ್ತೆ. ಮೆಕ್ಯಾನಿಕ್ ಮಹಾಶಯರು ಬಂದರು, ಮೇಲಿನ ಕವರ್ ಎತ್ತಿಟ್ಟರು, ಜೇಬಿಂದ ಸ್ಕ್ರೂಡ್ರೈವರ್ ತೆಗೆದು ಸೀದಾ ಗಾಳಿ-ಪೆಟ್ರೋಲ್ ಬೆರೆಸೋ ಕಾರ್ಬುರೇಟರಿನ ಸ್ಕ್ರೂಗೆ ಕೈ ಹಾಕಿದರು. ಒಳಗೆ ಒಂದು ಸುತ್ತು, ಹೊರಗೆ ಎರಡು, ಮತ್ತೆ ಒಳಗೆ ಅರ್ಧ. ಮೂರಡಿ ದೂರದಲ್ಲೇ ಪೆಟ್ರೋಲ್ ಟ್ಯಾಂಕ್ ಕೂತಿದೆ. ಅದರ ಮುಚ್ಚಳದ ಮೇಲಿನ ಗಾಳಿ ತಿರುಪು ಬಿಗಿಯಾಗಿ ಮುಚ್ಚಿದೆ, ಟ್ಯಾಂಕಿನ ಪಕ್ಕೆ ಒಳಕ್ಕೆ ಸೊಟ್ಟಗಾಗಿದೆ. ಯಾರ ಕಣ್ಣಿಗೂ ಬೀಳಲಿಲ್ಲ!

ಗಾಳಿ ತಿರುಪು ಮುಚ್ಚಿದ್ದರೆ ಪಂಪು ಪೆಟ್ರೋಲ್ ಎಳೆದಷ್ಟೂ ಟ್ಯಾಂಕಿನೊಳಗೆ ನಿರ್ವಾತ ಏರ್ತಾ ಹೋಗುತ್ತೆ. ಕೊನೆಗೆ ಪಂಪಿಗೆ ಎಳೆಯೋಕೆ ಶಕ್ತಿ ಸಾಲದೆ ಎಂಜಿನ್ ಸಾಯುತ್ತೆ. ಸ್ವಲ್ಪ ಹೊತ್ತು ಬಿಟ್ಟರೆ ಎಲ್ಲಿಂದಲೋ ಗಾಳಿ ನುಸುಳಿ ಮತ್ತೆ ಸ್ಟಾರ್ಟ್ ಆಗುತ್ತೆ. ಅಷ್ಟೊತ್ತಿಗೆ ಮೆಕ್ಯಾನಿಕ್ ಸ್ಕ್ರೂ ತಿರುಗಿಸಿರ್ತಾನಲ್ಲ, "ನೋಡಿದ್ರಾ, ಸರಿಹೋಯ್ತು" ಅಂತ ಐನೂರು ಇಸ್ಕೊಂಡು ಹೋಗ್ತಾನೆ.

ನನ್ನ ಬಲ್ಲವರಿಗೆ ನನ್ನ ನಾಲಿಗೆ ಗೊತ್ತಿದೆ, ಹಾಗಾಗಿ ನೇರವಾಗೇ ಹೇಳ್ತೀನಿ. ನಮ್ಮ ಹಾಸನ-ಚಿಕ್ಕಮಗಳೂರು ಕಡೆ ಔಟ್‌ಬೋರ್ಡ್ ಹಾಳಾಗೋದಕ್ಕಿಂತ ಹಾಳು ಮಾಡಿಸಿಕೊಳ್ಳೋದೇ ಜಾಸ್ತಿ. ಹೇಮಾವತಿ ಹಿನ್ನೀರು, ಬೇಲೂರಿನ ಯಗಚಿ, ಲಕ್ಕವಳ್ಳಿಯ ಭದ್ರಾ, ಎಲ್ಲಿ ಹೋದರೂ ಬೋಟ್ ರಿಪೇರಿಗೆ ಕರೆಯೋದು ಬೈಕ್ ಮೆಕ್ಯಾನಿಕ್ಕನ್ನ, ಇಲ್ಲಾ ಎಸ್ಟೇಟಿನ ಬ್ರಷ್ ಕಟರ್ ರಿಪೇರಿಯವನನ್ನ. ಅವರ ಕೈಗುಣದ ಬಗ್ಗೆ ನನಗೇನೂ ತಕರಾರಿಲ್ಲ. ಆದರೆ ಯಾವ ಎಂಜಿನ್ ಕೊಟ್ಟರೂ ಕೈ ಮೊದಲು ಹೋಗೋದು ಆ ಒಂದು ಸ್ಕ್ರೂಗೇ.

ಆ ಸ್ಕ್ರೂ ಮಾಡೋದಾದರೂ ಏನು? ಐಡಲಿಂಗ್‌ನಲ್ಲಿ, ಅಂದರೆ ಥ್ರಾಟಲ್ ಕೊಡದೆ ಎಂಜಿನ್ ಸುಮ್ಮನೆ ಓಡ್ತಿರುವಾಗ, ಮತ್ತು ಅದಕ್ಕಿಂತ ಸ್ವಲ್ಪ ಮೇಲಿನ ಸ್ಪೀಡಲ್ಲಿ ಗಾಳಿ-ಪೆಟ್ರೋಲ್ ಹದ ನೋಡಿಕೊಳ್ಳುತ್ತೆ, ಅಷ್ಟೇ. ಥ್ರಾಟಲ್ ಅರ್ಧ ದಾಟಿತು ಅಂದರೆ ಪೆಟ್ರೋಲ್ ಬರೋದು ಮೇನ್ ಜೆಟ್ ಅನ್ನೋ ಸಣ್ಣ ತೂತಿನ ಹಿತ್ತಾಳೆ ತುಂಡಿನಿಂದ, ಅದರ ತೂತು ಫಿಕ್ಸ್ಡು. ಬೋಟು ಫುಲ್ ಸ್ಪೀಡಲ್ಲಿ ಜರ್ಕ್ ಹೊಡೀತಿದೆ ಅಂತ ಐಡಲ್ ಸ್ಕ್ರೂ ತಿರುಗಿಸೋದು, ತಲೆನೋವಿಗೆ ಕಾಲಿಗೆ ಎಣ್ಣೆ ಹಚ್ಚಿದ ಹಾಗೆ. ಇನ್ನೊಂದು ಕೇಳಿ. ಕೆಲವು ಕಾರ್ಬುರೇಟರ್‌ಗಳಲ್ಲಿ ಆ ಸ್ಕ್ರೂ ಪೆಟ್ರೋಲನ್ನ ತಡೆಯುತ್ತೆ, ಕೆಲವದರಲ್ಲಿ ಗಾಳಿಯನ್ನ. ಒಳಕ್ಕೆ ತಿರುಗಿಸಿದರೆ ಒಂದರಲ್ಲಿ ಪೆಟ್ರೋಲ್ ಕಮ್ಮಿಯಾಗಿ ಮಿಶ್ರಣ ತೆಳು ಆಗುತ್ತೆ, ಇನ್ನೊಂದರಲ್ಲಿ ಪೆಟ್ರೋಲ್ ಜಾಸ್ತಿಯಾಗಿ ದಪ್ಪ ಆಗುತ್ತೆ. ಇದು ಯಾವ ಜಾತಿಯದ್ದು ಅಂತ ಕೇಳಿದರೆ ಮಹಾಶಯರು ನನ್ನನ್ನೇ ಕೆಕ್ಕರಿಸಿ ನೋಡ್ತಾರೆ. ಫ್ಯೂಯೆಲ್ ಇಂಜೆಕ್ಷನ್ ಇರುವ ಫೋರ್ ಸ್ಟ್ರೋಕ್‌ಗಳಲ್ಲಂತೂ ಆ ಸ್ಕ್ರೂನೇ ಇರಲ್ಲ. ಅಲ್ಲೂ ಹುಡುಕೋರನ್ನ ನೋಡಿದೀನಿ ಕಣ್ರೀ.

ಮೊದಲು ಕೇಳಬೇಕಾದ ಪ್ರಶ್ನೆ, ಯಾವಾಗ ಕೆಡುತ್ತೆ? ಐಡಲಿಂಗ್‌ನಲ್ಲೋ, ಥ್ರಾಟಲ್ ಕೊಟ್ಟ ಕ್ಷಣದಲ್ಲೋ, ಫುಲ್ ಸ್ಪೀಡಲ್ಲೋ, ಬಿಸಿಯಾದ ಮೇಲೋ? ಗೇರಲ್ಲಿದ್ದಾಗ ಮಾತ್ರವೋ, ನ್ಯೂಟ್ರಲ್‌ನಲ್ಲೂ ಹಾಗೇನೋ? ಗೇರ್ ಹಾಕಿದಾಗ ಮಾತ್ರ ನಡುಗಿದರೆ ಎಂಜಿನ್ ಕವರ್ ಎತ್ತೋದೇ ಬೇಡ, ಮೋಟರ್ ಮೇಲಕ್ಕೆ ಟಿಲ್ಟ್ ಮಾಡಿ ಪ್ರೊಪೆಲ್ಲರ್ ನೋಡಿ. ಹಿನ್ನೀರು ಇಳಿಯೋ ಕಾಲಕ್ಕೆ ನೀರೊಳಗಿನ ಮರದ ಬೊಡ್ಡೆಗಳು ಅಡ್ಡ ಬರುತ್ತವೆ. ಒಂದು ರೆಕ್ಕೆ ತುದಿ ಸೊಟ್ಟಗಾದರೂ ಸಾಕು, ಇಡೀ ಬೋಟು ಗಡಗಡ ಅನ್ನುತ್ತೆ. ಜೊಂಡು, ಮೀನಿನ ಬಲೆಯ ನೈಲಾನ್ ದಾರ ಸುತ್ತಿಕೊಂಡರೂ ಅದೇ ಪಾಡು. ದಾರವನ್ನ ಮಾತ್ರ ಪ್ರೊಪೆಲ್ಲರ್ ಬಿಚ್ಚಿಯೇ ತೆಗೀಬೇಕು. ಶಾಫ್ಟ್ ಸೀಲ್ ಕತ್ತರಿಸಿದ್ದರೆ ಗೇರ್‌ಬಾಕ್ಸಿಗೆ ನೀರು ಹೋಗಿ, ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿರುತ್ತೆ. ಎಂಜಿನ್ ಸೌಂಡ್ ಏರುತ್ತೆ, ಬೋಟು ಮಾತ್ರ ಮುಂದೆ ಹೋಗಲ್ಲ ಅಂದರೆ ಪ್ರೊಪೆಲ್ಲರ್ ನಡುವಿನ ರಬ್ಬರ್ ಹಬ್ ಜಾರಿದೆ ಅಂತಲೇ ಮೊದಲ ಅನುಮಾನ.

ಪ್ರೊಪೆಲ್ಲರ್ ಸರಿಯಿದ್ದರೆ ಮುಂದಿನ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ. ಪೆಟ್ರೋಲ್ ಪೈಪಿನ ಮಧ್ಯೆ ಇರುವ ರಬ್ಬರ್ ಬಲ್ಬು. ಎಂಜಿನ್ ಕೆಮ್ಮುವ ಹೊತ್ತಿಗೆ ಸರಿಯಾಗಿ ಅದನ್ನ ಒತ್ತಿ. ಒತ್ತಿದಾಗ ಎಂಜಿನ್ ಸುಧಾರಿಸಿಕೊಂಡರೆ ರೋಗ ಪೆಟ್ರೋಲ್ ಸರಬರಾಜಿನಲ್ಲಿದೆ. ಬಲ್ಬು ಓಡ್ತಾ ಓಡ್ತಾ ಚಪ್ಪಟೆ ಆಗ್ತಿದೆ ಅಂದರೆ ಬಲ್ಬಿಗಿಂತ ಹಿಂದೆ, ಟ್ಯಾಂಕಿನ ಕಡೆ ಎಲ್ಲೋ ಅಡ್ಡ ಇದೆ. ಗಾಳಿ ತಿರುಪು, ಟ್ಯಾಂಕಿನೊಳಗಿನ ಜಾಲರಿ, ಮಡಚಿಕೊಂಡ ಪೈಪ್ ಇಷ್ಟನ್ನೂ ನೋಡಿ. ಎಷ್ಟು ಒತ್ತಿದರೂ ಬಲ್ಬು ಗಟ್ಟಿಯಾಗ್ತಿಲ್ಲ ಅಂದರೆ ಗಾಳಿ ಎಳೀತಿದೆ, ಇಲ್ಲವೇ ಬಲ್ಬಿನೊಳಗಿನ ವಾಲ್ವ್ ಹೋಗಿದೆ. ಗಾಳಿ ಎಳೆಯೋ ಮಾಮೂಲಿ ಜಾಗ ಕನೆಕ್ಟರ್ ಒಳಗಿನ ಸಣ್ಣ ಓ-ರಿಂಗ್. ಗಟ್ಟಿಯಾಗದೆ ಕಾರ್ಬುರೇಟರ್ ಬಾಯಿಂದ ಪೆಟ್ರೋಲ್ ಸೋರ್ತಿದ್ದರೆ ಪೆಟ್ರೋಲ್ ತುಂಬಿದ ಮೇಲೆ ದಾರಿ ಮುಚ್ಚೋ ಫ್ಲೋಟ್ ನೀಡಲ್ ಸರಿಯಾಗಿ ಕೂರ್ತಾ ಇಲ್ಲ. ಬಲ್ಬಿನ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಲಿ. ಒತ್ತುವಾಗ ಬಾಣ ಮೇಲ್ಮುಖವಾಗಿ ನಿಲ್ಲಿಸಿ ಒತ್ತಿ.

ಈಗ ಪೆಟ್ರೋಲಿನ ವಿಷಯ. ಬಂಕಲ್ಲಿ ಈಗ ಸಿಗೋದು ಶೇ 20 ಎಥೆನಾಲ್ ಬೆರೆತದ್ದು. ಔಟ್‌ಬೋರ್ಡ್ ಕಂಪನಿಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಬರೆದಿರೋ ಮಿತಿ ಶೇ 10. ಎಥೆನಾಲ್ ಗಾಳಿಯ ತೇವ ಹೀರುತ್ತೆ. ಸಕಲೇಶಪುರ, ಮೂಡಿಗೆರೆ ಮಳೆಗಾಲದ ಗಾಳಿ ಹೇಗಿರುತ್ತೆ ಅಂತ ನಾನು ಹೇಳಬೇಕಾ? ಶೆಡ್ಡಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಬಿಟ್ಟು, ಗಾಳಿ ತಿರುಪು ತೆರೆದಿಟ್ಟು, ಮೂರು ತಿಂಗಳು ಕಳೆದು ಬಂದರೆ ತಳದಲ್ಲಿ ನೀರು-ಎಥೆನಾಲ್ ಒಂದು ಪದರ, ಮೇಲೆ ಪೆಟ್ರೋಲ್ ಒಂದು ಪದರ ಆಗಿರಬಹುದು. ಟ್ಯಾಂಕಿನ ಹೀರು ಕೊಳವೆ ಇರೋದು ತಳದಲ್ಲೇ, ಹಾಗಾಗಿ ಎಂಜಿನ್ನಿಗೆ ಮೊದಲು ಹೋಗೋದು ಆ ನೀರು. ಒಂದು ಗಾಜಿನ ಬಾಟಲಿಗೆ ತಳದ ಪೆಟ್ರೋಲ್ ಹಿಡಿದು ಹದಿನೈದು ನಿಮಿಷ ಅಲುಗಾಡಿಸದೆ ಬಿಡಿ. ನಡುವೆ ಗೆರೆ ಕಂಡರೆ ಅದನ್ನ ಬೋಟಿಗೆ ಹಾಕಬೇಡಿ, ಹೊಸ ಪೆಟ್ರೋಲ್ ಬೆರೆಸಿ ಸರಿ ಮಾಡ್ತೀನಿ ಅಂತಲೂ ಹೊರಡಬೇಡಿ. ಟೂ ಸ್ಟ್ರೋಕ್‌ನಲ್ಲಿ ಇನ್ನೂ ಅಪಾಯ. ಆಯಿಲ್ ಮೇಲಿನ ಪದರದಲ್ಲೇ ಉಳಿದು, ಕೆಳಗಿನದು ಆಯಿಲ್ ಇಲ್ಲದೇ ಎಂಜಿನ್ ಸೇರುತ್ತೆ.

ಎಥೆನಾಲ್ ಹಳೇ ರಬ್ಬರ್ ಪೈಪನ್ನೂ ಬಿಡಲ್ಲ. ಹೊರಗೆ ನೋಡಿದರೆ ಪೈಪ್ ಚೆನ್ನಾಗೇ ಇರುತ್ತೆ, ಒಳಪದರ ಮಾತ್ರ ಕಿತ್ತು ನಾಲಗೆಯಂತೆ ಜೋತಾಡುತ್ತಿರುತ್ತೆ. ನಿಧಾನಕ್ಕೆ ಓಡುವಾಗ ತೊಂದರೆ ಇಲ್ಲ, ಥ್ರಾಟಲ್ ಏರಿಸಿ ಹರಿವು ಜಾಸ್ತಿಯಾದ ಕೂಡಲೇ ಆ ನಾಲಗೆ ಎದ್ದು ದಾರಿ ಮುಚ್ಚುತ್ತೆ. ಫಿಲ್ಟರಲ್ಲಿ ಕಪ್ಪು ಪುಡಿ ಕಂಡರೆ ಪೈಪ್ ಪೂರ್ತಿ ಬದಲಿಸಿ. ಟ್ಯಾಂಕಿಗೂ ಎಂಜಿನ್ನಿಗೂ ಮಧ್ಯೆ ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಒಂದು ಕೂರಿಸಿದರೆ ಅರ್ಧ ರಗಳೆ ಅಲ್ಲೇ ಮುಗಿಯುತ್ತೆ.

ಆಯಿಲ್ ಬಗ್ಗೆ ಒಂದು ಮಾತು, ಇದು ಕಾಫಿ ತೋಟದವರಿಗೆ. ಬ್ರಷ್ ಕಟರಿಗೆ ಕಲಸಿಟ್ಟ ಪೆಟ್ರೋಲನ್ನೇ ಬೋಟಿಗೂ ಸುರಿಯಬೇಡಿ. ಕಟರ್, ಚೈನ್ ಸಾ, ಪವರ್ ಸ್ಪ್ರೇಯರ್ ಗಾಳಿಯಲ್ಲಿ ತಣಿಯೋ ಎಂಜಿನ್‌ಗಳು, ಅವುಗಳ 2ಟಿ ಆಯಿಲ್ ಬೇರೆ. ನೀರಲ್ಲಿ ತಣಿಯೋ ಔಟ್‌ಬೋರ್ಡಿಗೆ ಬೇಕಾದದ್ದು ಬೂದಿ ಬಿಡದ ಆಯಿಲ್, ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 ಅಂತಿರಬೇಕು. ಬಹುತೇಕ ಟೂ ಸ್ಟ್ರೋಕ್ ಔಟ್‌ಬೋರ್ಡುಗಳಿಗೆ ಹೊಸದರಲ್ಲಿ ಪಳಗಿಸೋ ಓಟ (ರನ್ನಿಂಗ್-ಇನ್) ಮುಗಿದ ಮೇಲೆ ಪೆಟ್ರೋಲ್-ಆಯಿಲ್ 50:1, ಅಂದರೆ ಲೀಟರಿಗೆ 20 ಮಿಲಿ. ಹಳೆಯ ಮಾಡೆಲ್ ಆದರೆ ಕೈಪಿಡಿ ನೋಡಿ. "ಇನ್ನೊಂಚೂರು ಇರಲಿ, ಎಂಜಿನ್ನಿಗೆ ಒಳ್ಳೇದು" ಅಂತ 40 ಮಿಲಿ ಹಾಕೋರಿದ್ದಾರೆ. ಆಮೇಲೆ ಸ್ಪಾರ್ಕ್ ಪ್ಲಗ್ಗು ಕಪ್ಪು ಕಟ್ಟಿ ಐಡಲಿಂಗ್ ಕುಣಿಯುತ್ತೆ, ಆಗ ಯಾರನ್ನ ಕರೀತಾರೆ? ಸ್ಕ್ರೂ ತಿರುಗಿಸೋನನ್ನ!

ಪ್ಲಗ್ಗು ಬಿಚ್ಚಿದರೆ ಅರ್ಧ ಕಥೆ ಅದೇ ಹೇಳುತ್ತೆ. ಎರಡು ಸಿಲಿಂಡರಿನದ್ದಾದರೆ ಎರಡೂ ಪ್ಲಗ್ಗನ್ನ ಪಕ್ಕಪಕ್ಕ ಇಟ್ಟು ನೋಡಿ, ಯಾವುದು ಮೇಲಿನದು ಅಂತ ಗುರುತಿರಲಿ. ತೆಳು ಕಂದು ಬಣ್ಣ ಆರೋಗ್ಯ. ಬಿಳಿಚಿಕೊಂಡು ಒಣಗಿದ್ದರೆ ಪೆಟ್ರೋಲ್ ಸಾಲ್ತಿಲ್ಲ. ಎರಡೂ ಕಪ್ಪಗೆ ಒದ್ದೆಯಾಗಿದ್ದರೆ ಚೋಕ್ ಅಂಟಿಕೊಂಡಿದೆ, ಇಲ್ಲಾ ಆಯಿಲ್ ಜಾಸ್ತಿ. ಒಂದು ಚೆನ್ನಾಗಿದ್ದು ಇನ್ನೊಂದು ಮಾತ್ರ ಒದ್ದೆ ಅಂದರೆ, ಆ ಸಿಲಿಂಡರಿಗೆ ಕಿಡಿ ಹೋಗ್ತಿಲ್ಲ ಅನ್ನೋದು ಮೊದಲ ಅನುಮಾನ, ಫ್ಯೂಯೆಲ್ ಪಂಪಿನೊಳಗಿನ ತೆಳು ಪೊರೆ (ಡಯಾಫ್ರಮ್) ಎರಡನೆಯದು. ಪಂಪು ಒಂದು ಸಿಲಿಂಡರಿನ ಕ್ರ್ಯಾಂಕ್‌ಕೇಸಿನ ಒತ್ತಡದಿಂದ ಬಡಿದುಕೊಳ್ಳುತ್ತೆ. ಡಯಾಫ್ರಮ್ಮಲ್ಲಿ ಸೂಜಿಮೊನೆಯಷ್ಟು ತೂತಾದರೂ ಆ ದಾರಿಯಲ್ಲೇ ಪೆಟ್ರೋಲ್ ಒಳಗೆ ಸೇರುತ್ತೆ. ಕಾರ್ಬುರೇಟರನ್ನ ಹತ್ತು ಸಲ ತೊಳೆದರೂ ಇದು ಹೋಗಲ್ಲ. ಒಂದು ಪ್ಲಗ್ಗು ಮಾತ್ರ ತೊಳೆದಿಟ್ಟ ಹಾಗೆ ಪಳಪಳ ಅಂತಿದ್ದರೆ ಸಿಲಿಂಡರಿಗೆ ನೀರು ಹೋಗ್ತಿರಬಹುದು, ಹೆಡ್ ಗ್ಯಾಸ್ಕೆಟ್ ನೋಡಿಸಿ, ಅಲ್ಲಿಯವರೆಗೆ ಓಡಿಸಬೇಡಿ. ಹೊಸ ಪ್ಲಗ್ಗು ತರುವಾಗ ನಂಬರ್ ಕೂಡ ಅದೇ ಇರಲಿ. ಎನ್‌ಜಿಕೆ ಬಿ7ಎಚ್‌ಎಸ್-10 ಅಂತಿದ್ದರೆ ಕೊನೆಯ 10 ಅಂದರೆ 1.0 ಮಿಲಿಮೀಟರ್ ಗ್ಯಾಪ್. ಬೈಕಿಂದು ಹೊಂದುತ್ತೆ ಅಂತ ತುರುಕಬೇಡಿ.

ಎಂಜಿನ್ ಓಡುವಾಗ ಪ್ಲಗ್ ವೈರ್ ಕಿತ್ತು ನೋಡೋ ಶೋಕಿ ಬಿಡಿ. ಈ ಎಂಜಿನ್‌ಗಳದ್ದು ಸಿಡಿಐ ಅನ್ನೋ ಎಲೆಕ್ಟ್ರಾನಿಕ್ ಇಗ್ನಿಷನ್, ವೈರ್ ಗಾಳಿಯಲ್ಲಿ ಬಿಟ್ಟರೆ ಕಿಡಿ ಕೊಡೋ ಕಾಯಿಲ್ ಹೋಗಬಹುದು. ಒದ್ದೆ ಬೋಟಲ್ಲಿ ನಿಂತಿರೋ ನಿಮಗೆ ಹೊಡೆದರೆ ಅದು ಬೇರೆ. ಅರ್ಥ್ ಆಗುವ ಸ್ಪಾರ್ಕ್ ಟೆಸ್ಟರ್ ದೊಡ್ಡ ಬೆಲೆಯದ್ದೇನಲ್ಲ. ಬಿಸಿಯಾದ ಮೇಲೆ ಮಾತ್ರ ಒಂದು ಸಿಲಿಂಡರ್ ಕೈಕೊಟ್ಟರೆ ಕಾಯಿಲ್ ಮೇಲೆ ಕಣ್ಣಿಡಿ. ಸ್ವಿಚ್ ಆಫ್ ಮಾಡಿದ ಹಾಗೆ ಸಡನ್ನಾಗಿ ಕಟ್ ಆಗಿ ಮತ್ತೆ ಹಿಡಿದರೆ ಎಂಜಿನ್ ತಕ್ಷಣ ನಿಲ್ಲಿಸೋ ಕಿಲ್ ಸ್ವಿಚ್ಚೂ, ಅದರ ವೈರೂ ನೋಡಿ. ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ತಂದ ಎಂಜಿನ್ ಆಗಿದ್ದರೆ ಉಪ್ಪು ಹಿಡಿದ ಟರ್ಮಿನಲ್‌ಗಳನ್ನೆಲ್ಲ ಮೊದಲು ಉಜ್ಜಿ.

ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನ ಒತ್ತೋ ಒತ್ತಡ. ಎಲ್ಲ ಪ್ಲಗ್ಗೂ ಬಿಚ್ಚಿ, ಕಿಲ್ ಸ್ವಿಚ್ ಹಗ್ಗ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಗೇಜ್ ಮುಳ್ಳು ಏರೋದು ನಿಲ್ಲೋವರೆಗೂ ಸ್ಟಾರ್ಟ್ ಹಗ್ಗ ಎಳೀರಿ. ಅಂಕಿ ಎಷ್ಟು ಅನ್ನೋದಕ್ಕಿಂತ ಎರಡು ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಸೀಮೆಎಣ್ಣೆ ಮಾಡೆಲ್ ಆಗಿದ್ದರೆ ಅಂಕಿ ಹೇಗೂ ಕಮ್ಮಿ ಇರುತ್ತೆ. ವ್ಯತ್ಯಾಸ ಶೇ 10ರೊಳಗಿದ್ದರೆ ನಿಶ್ಚಿಂತೆ. ಒಂದು ಸಿಲಿಂಡರ್ ಪೂರಾ ಮಲಗಿದ್ದರೆ ರಿಂಗೋ ಪಿಸ್ಟನ್ನೋ ಹೋಗಿದೆ, ಯಾವ ಸ್ಕ್ರೂ ತಿರುಗಿಸಿಯೂ ಅದನ್ನ ಎಬ್ಬಿಸೋಕಾಗಲ್ಲ.

"ಆದರೆ ಸರ್, ಎಷ್ಟೋ ಸಲ ತಪ್ಪು ಕಾರ್ಬುರೇಟರಲ್ಲೇ ಇರುತ್ತಲ್ಲ" ಅಂತೀರಾ. ಇರುತ್ತೆ, ಒಪ್ಪಿದೆ. ಚೋಕ್ ಎಳೆದಿಟ್ಟರೆ ಮಾತ್ರ ಎಂಜಿನ್ ಆಫ್ ಆಗದೆ ಐಡಲಿಂಗ್ ಮಾಡುತ್ತೆ, ಮೇಲಿನ ಸ್ಪೀಡಲ್ಲಿ ಚೆನ್ನಾಗೇ ಓಡುತ್ತೆ ಅಂದರೆ ಐಡಲಿಂಗ್‌ಗೆ ಪೆಟ್ರೋಲ್ ಕೊಡೋ ಪೈಲಟ್ ಜೆಟ್ ಕಟ್ಟಿಕೊಂಡಿರುತ್ತೆ. ಆದರೆ ಕಟ್ಟಿದ ಜೆಟ್ಟಿಗೆ ಮದ್ದು ಕಾರ್ಬುರೇಟರ್ ಬಿಚ್ಚಿ ಶುಚಿ ಮಾಡೋದು, ಹೊರಗಿಂದ ಸ್ಕ್ರೂ ತಿರುಗಿಸೋದಲ್ಲ! ಆ ಜೆಟ್ ಕೆಲವದರಲ್ಲಿ ರಬ್ಬರ್ ಬಿರಡೆಯ ಕೆಳಗೆ ಅಡಗಿರುತ್ತೆ. ಎಷ್ಟೋ ಜನ ಮೇನ್ ಜೆಟ್ ಒಂದನ್ನ ಊದಿ ಮುಚ್ಚಿಬಿಡ್ತಾರೆ. ತಂತಿ, ಪಿನ್ನು ತೂರಿಸಬೇಡಿ. ಜೆಟ್ ಹಿತ್ತಾಳೆದು, ತೂತಿನ ಲೆಕ್ಕ ಮಿಲಿಮೀಟರಿನ ನೂರನೇ ಭಾಗದಲ್ಲಿ. ಒಂದು ಗೀರು ಬಿದ್ದರೂ ಅಳತೆ ಹೋಯ್ತು. ರಬ್ಬರ್ ಭಾಗಗಳನ್ನೆಲ್ಲ ಬಿಚ್ಚಿಟ್ಟು, ಕಾರ್ಬ್ ಕ್ಲೀನರಲ್ಲಿ ನೆನೆಸಿ, ಪ್ರತಿ ದಾರಿಗೂ ಗಾಳಿ ಹೊಡೀರಿ, ಇನ್ನೊಂದು ತುದಿಯಲ್ಲಿ ಗಾಳಿ ಬರ್ತಿದೆಯಾ ಅಂತ ಬೆರಳಿಟ್ಟು ನೋಡಿ. ಆ ಪುಣ್ಯಾತ್ಮ ಸ್ಕ್ರೂ ಬಿಚ್ಚುವ ಮುಂಚೆ ಮೆಲ್ಲಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತಿಗೆ ಕೂತಿತು ಅಂತ ಬರೆದಿಟ್ಟುಕೊಳ್ಳಿ. ಬಿಗಿದರೆ ಮೊನೆ ಹಾಳಾಗುತ್ತೆ. ವಾಪಸ್ ಹಾಕುವಾಗ ಅಷ್ಟೇ ಸುತ್ತು ಹೊರಗೆ, ಆಮೇಲೆ ಎಂಜಿನ್ ಬಿಸಿಯಾಗಿ ಬೋಟು ನೀರಲ್ಲಿ ಗೇರಲ್ಲಿರುವಾಗ ಕಾಲು ಕಾಲು ಸುತ್ತಿನ ಹೊಂದಾಣಿಕೆ.

"ನಮ್ಮದು ಎತ್ತರದ ಜಾಗ, ಅದಕ್ಕೇ ಸ್ಕ್ರೂ ತಿರುಗಿಸಬೇಕು" ಅಂತ ವಾದ ಮಾಡೋರೂ ಇದ್ದಾರೆ. ಹೇಮಾವತಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2922 ಅಡಿ. ಸಾವಿರ ಅಡಿಗೆ ಸುಮಾರು ಶೇ 3ರಂತೆ ಎಂಜಿನ್ ಶಕ್ತಿ ಇಳಿಯುತ್ತೆ, ಅಂದರೆ ಇಲ್ಲಿ ಶೇ 9ರ ಹತ್ತಿರ. ಗಾಳಿ ತೆಳುವಾದ್ದರಿಂದ ಮಿಶ್ರಣವೂ ಕೊಂಚ ದಪ್ಪ ಆಗುತ್ತೆ, ನಿಜ. ಅದಕ್ಕೆ ಉತ್ತರ ಪಿಚ್ (ಒಂದು ಸುತ್ತಿಗೆ ಮುಂದೆ ಸಾಗೋ ಅಳತೆ) ಒಂದೆರಡು ಇಂಚು ಕಮ್ಮಿಯ ಪ್ರೊಪೆಲ್ಲರ್, ಬೇಕಾದರೆ ಮೇನ್ ಜೆಟ್ ಬದಲಾವಣೆ. ಇಷ್ಟಕ್ಕೂ ಎತ್ತರ ದಿನಾ ಅಷ್ಟೇ ಇರುತ್ತಲ್ಲ ಸ್ವಾಮಿ. ನಿನ್ನೆ ಚೆನ್ನಾಗಿ ಓಡಿದ ಎಂಜಿನ್ ಇವತ್ತು ಕೆಮ್ಮಿದರೆ ಎತ್ತರ ಹೇಗೆ ಕಾರಣ ಆಗುತ್ತೆ?

ಏನೇ ಪರೀಕ್ಷೆ ಮಾಡಿ, ನೀರಿಲ್ಲದೆ ಮಾತ್ರ ಸ್ಟಾರ್ಟ್ ಮಾಡಬೇಡಿ. ದಡದ ಮೇಲಿಟ್ಟು "ಒಂದೇ ಒಂದು ಸಲ" ಅಂತ ಹಗ್ಗ ಎಳೆಯೋರನ್ನ ಕಂಡರೆ ನನಗೆ ಕೆಟ್ಟ ಮಾತೇ ಬರೋದು. ತಂಪು ನೀರು ಎತ್ತೋ ಇಂಪೆಲ್ಲರ್ ರಬ್ಬರಿಂದು, ಅದಕ್ಕೆ ನೀರೇ ಜಾರುಎಣ್ಣೆ. ಒಣಗಿ ಓಡಿದರೆ ರೆಕ್ಕೆ ಸುಟ್ಟು ಚೂರಾಗಿ ನೀರಿನ ದಾರಿಯಲ್ಲೇ ಸಿಕ್ಕಿಕೊಳ್ಳುತ್ತೆ. ಡ್ರಮ್ಮಲ್ಲಿ ಇಳಿಸಿದರೂ ನೀರು ಹೀರುವ ಜಾಲರಿಗಿಂತ ಮೇಲಕ್ಕೆ ಬರಲಿ, ಹಿಂದಿನ ಸಣ್ಣ ತೂತಿಂದ ಪಿಚಕಾರಿ ಬರ್ತಿದೆಯಾ ನೋಡಿ. ಡ್ರಮ್ಮಲ್ಲಿ ಚೆನ್ನಾಗಿ ಓಡಿತು ಅಂತ ಸರ್ಟಿಫಿಕೇಟ್ ಕೊಟ್ಟುಬಿಡಬೇಡಿ. ಲೋಡ್ ಬಿದ್ದಾಗಲೇ ನಿಜ ಗೊತ್ತಾಗೋದು.

ಸೀಸನ್ ಮುಗಿದ ಮೇಲೆ ಪೈಪ್ ಕಳಚಿ, ಕಾರ್ಬುರೇಟರ್ ಬಟ್ಟಲಿನ ತಳದ ಡ್ರೈನ್ ತಿರುಪು ಬಿಚ್ಚಿ ಪೆಟ್ರೋಲ್ ಖಾಲಿ ಮಾಡಿ. ತಿರುಗಿಸೋ ಚಟವೇ ಇದ್ದರೆ ಆ ತಿರುಪು ತಿರುಗಿಸಿ.

ಇನ್ನು ನನಗೆ ಫೋನ್ ಮಾಡೋರಿಗೆ: ಎಷ್ಟು ಎಚ್‌ಪಿ, ಟೂ ಸ್ಟ್ರೋಕೋ ಫೋರೋ, ಯಾವ ಸ್ಪೀಡಲ್ಲಿ ಕೆಮ್ಮುತ್ತೆ, ಬಲ್ಬ್ ಒತ್ತಿದಾಗ ಏನಾಯ್ತು, ಎರಡು ಪ್ಲಗ್ಗಿನ ಫೋಟೋ. ಇಷ್ಟು ಇಟ್ಟುಕೊಂಡು ಮಾಡಿ. "ಸರ್, ಬೋಟ್ ಯಾಕೋ ಒಂಥರಾ ಮಾಡ್ತಿದೆ, ಸ್ಕ್ರೂ ತಿರುಗಿಸಿ ನೋಡಾಯ್ತು" ಅಂತ ಶುರು ಮಾಡಿದರೆ ಫೋನ್ ಇಡ್ತೀನಿ.