ಕಾರಿನಲ್ಲಿ ಇಟ್ಟುಕೊಳ್ಳೋಕೆ ಅಂದ್ರೆ ಫೋಲ್ಡಿಂಗ್ ಲಾಠಿ ಕೊಡಲ್ಲ

ಕಾರಿನ ಡೋರ್ ಪಾಕೆಟ್‌ನಲ್ಲಿ ಇಟ್ಟುಕೊಳ್ಳೋಕೆ ಅಂತ ಫೋಲ್ಡಿಂಗ್ ಲಾಠಿ, ಅಂದರೆ ಬೀಸಿದರೆ ಉದ್ದವಾಗುವ, ಮತ್ತೆ ಮಡಚಿಡಬಹುದಾದ ಲೋಹದ ಲಾಠಿ, ಕೇಳಿಕೊಂಡು ಬರುವವರಿಗೆ ನಾನು ಕೊಡುವುದಿಲ್ಲ. ಶೆಲ್ಫ್‌ನಲ್ಲಿ ಇದ್ದರೂ ಸ್ಟಾಕ್ ಇಲ್ಲ ಅನ್ನುತ್ತೇನೆ. ಕೆಲವರು ಬೈದುಕೊಂಡು ಹೋಗುತ್ತಾರೆ, ಕೆಲವರು ಅಲ್ಲೇ ನಿಂತು ಮೊಬೈಲ್‌ನಲ್ಲಿ ಆರ್ಡರ್ ಮಾಡುತ್ತಾರೆ. ಮಾಡಲಿ. ಯಾಕೆ ಕೊಡಲ್ಲ, ಹಾಗಾದರೆ ಯಾರಿಗೆ ಕೊಡುತ್ತೇನೆ, ತಗೊಳ್ಳುವವರು ಏನು ನೋಡಿ ತಗೊಳ್ಳಬೇಕು ಅಂತ ಒಂದು ಸಲ ಬರೆದುಬಿಡೋಣ, ದಿನಾ ಕೌಂಟರ್‌ನಲ್ಲಿ ಅದೇ ಮಾತು ಹೇಳಿ ಸಾಕಾಗಿದೆ.

ನಮ್ಮದು ದಾವಣಗೆರೆಯಲ್ಲಿ ಯೂನಿಫಾರ್ಮ್ ಅಂಗಡಿ. ಸೆಕ್ಯೂರಿಟಿಯವರ ಶರ್ಟು, ಬೆಲ್ಟು, ಶೂ, ವಿಷಲ್ಲು, ಬೆತ್ತ, ಫೈಬರ್ ಲಾಠಿ ಎಲ್ಲ ಸಿಗುತ್ತೆ. ಮೊದಲೆಲ್ಲ ಲಾಠಿ ಕೇಳುವವರು ಅಂದರೆ ಏಜೆನ್ಸಿಯವರು, ಗೋಡೌನ್ ಕಾವಲಿನವರು. ಈಗ ಯೂಟ್ಯೂಬ್ ನೋಡಿಕೊಂಡು ಕಾಲೇಜು ಹುಡುಗರೂ ಬರುತ್ತಾರೆ. ಒಬ್ಬ ಹುಡುಗ ಅದನ್ನು ಕೈಯಲ್ಲಿ ಹಿಡಿದು, ಎರಡು ಸಲ ಗಾಳಿಯಲ್ಲಿ ಬೀಸಿ, "ಅಣ್ಣಾ, ಇದು ಒಂದೇ ಏಟಿಗೆ ಮಲಗಿಸುತ್ತಾ?" ಅಂದ. "ಮಲಗಿಸುತ್ತೆ ಕಣಪ್ಪ, ಆಮೇಲೆ ನೀನು ಎಲ್ಲಿ ಮಲಗಬೇಕಾಗುತ್ತೆ ಗೊತ್ತಾ?" ಅಂದೆ. ಜೊತೆಗಿದ್ದವನು ನಕ್ಕ. ಅವನು ನಗಲಿಲ್ಲ.

ಕಾರಿನ ವಿಷಯಕ್ಕೆ ಬರ್ತೀನಿ. ಕಾರಿನಲ್ಲಿ ಕೂತವನಿಗೆ ಡೋರ್ ಲಾಕ್ ಇದೆ, ಗ್ಲಾಸ್ ಇದೆ, ಹಾರ್ನ್ ಇದೆ, ಎಲ್ಲಕ್ಕಿಂತ ಮುಖ್ಯವಾಗಿ ಕಾಲ ಕೆಳಗೆ ಆಕ್ಸಿಲರೇಟರ್ ಇದೆ. ಲಾಠಿ ಉಪಯೋಗಿಸಬೇಕು ಅಂದರೆ ಅವನು ಮೊದಲು ಬಾಗಿಲು ತೆಗೆದು ಕೆಳಗೆ ಇಳಿಯಬೇಕು. ಇಳಿದ ಮೇಲೆ ಅದು ಆತ್ಮರಕ್ಷಣೆ ಅಲ್ಲ, ಜಗಳ. ಹಿಂದಿನಿಂದ ಯಾರೋ ಬಂಪರ್‌ಗೆ ತಾಗಿಸಿದ, ಸಿಗ್ನಲ್‌ನಲ್ಲಿ ಅಮ್ಮ ಅಕ್ಕ ಅಂತ ಬೈದ, ತಲೆ ಕೆಟ್ಟಿತು, ಕೈಗೆ ಸಿಗುವ ಹಾಗೆ ಅದು ಅಲ್ಲೇ ಇತ್ತು. ಇಷ್ಟೇ ಕಥೆ. ಸಿಸಿ ಕ್ಯಾಮೆರಾದಲ್ಲಿ ಕಾಣೋದು ನೀವು ಕಬ್ಬಿಣದ ರಾಡು ಹಿಡಿದು ಇಳಿದದ್ದು ಮಾತ್ರ, ಅವನು ಬೈದ ಮಾತು ಅದರಲ್ಲಿ ಕೇಳಿಸಲ್ಲ.

ಮತ್ತೆ ಇದು ಸ್ಟೀಲ್ ಸ್ವಾಮಿ. ಮೊಣಕೈಗೋ ಮಣಿಕಟ್ಟಿಗೋ ಬಿದ್ದರೆ ಮೂಳೆ ಮುರಿಯುತ್ತೆ. ಮೂಳೆ ಮುರಿದರೆ, ಒಂದು ಹಲ್ಲು ಮುರಿದರೂ ಅಷ್ಟೇ, ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯ. ಭಾರತೀಯ ನ್ಯಾಯ ಸಂಹಿತೆಯ 118ನೇ ಸೆಕ್ಷನ್ ಪ್ರಕಾರ ಅಪಾಯಕಾರಿ ಆಯುಧದಿಂದ ಸಣ್ಣ ಗಾಯ ಮಾಡಿದರೇ 3 ವರ್ಷದವರೆಗೆ ಜೈಲು ಆಗಬಹುದು. ತೀವ್ರ ಗಾಯ ಆದರೆ ಕನಿಷ್ಠ 1 ವರ್ಷ, ಜಾಸ್ತಿ ಅಂದರೆ ಜೀವಾವಧಿ. ಪಾರ್ಕಿಂಗ್ ಜಗಳಕ್ಕೆ ಇಷ್ಟು ಬೇಕಾ?

ಹಾಗಂತ ಕಾನೂನು ನಿಮ್ಮನ್ನು ಕೈಕಟ್ಟಿ ನಿಂತು ಹೊಡೆಸಿಕೊಳ್ಳಿ ಅನ್ನೋದಿಲ್ಲ. ಅದನ್ನೂ ಹೇಳಬೇಕು, ಯಾಕಂದರೆ "ಏನು ಮಾಡಿದರೂ ಕೇಸ್ ನಮ್ಮ ಮೇಲೇ" ಅಂತ ನಂಬಿಕೊಂಡವರೂ ತುಂಬಾ ಜನ ಇದ್ದಾರೆ. ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕಿನ ಬಗ್ಗೆಯೇ ಇವೆ. ಹಳೇ ಐಪಿಸಿಯಲ್ಲಿ ಅವು 96ರಿಂದ 106 ಇದ್ದವು. ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, ದಾಳಿ ನಡೆಯುವಾಗ ಹೇಡಿಯ ಹಾಗೆ ಓಡಿಹೋಗು ಅಂತ ನಮ್ಮ ಕಾನೂನು ಹೇಳುವುದಿಲ್ಲ, ಹೊಡೆತವನ್ನು ತಕ್ಕಡಿಯಲ್ಲಿ ತೂಗಿ ಕೊಡು ಅಂತಲೂ ಕೇಳುವುದಿಲ್ಲ ಅಂತ. ಆದರೆ ಹಕ್ಕಿಗೆ ಮಿತಿ ಇದೆ. ಪೊಲೀಸರನ್ನು ಕರೆಯುವಷ್ಟು ಸಮಯ ಇತ್ತು ಅಂದರೆ ಆ ಹಕ್ಕು ಇಲ್ಲ. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡುವ ಹಾಗಿಲ್ಲ. ಅವನು ಬಿದ್ದ, ಇಲ್ಲಾ ಓಡಿದ, ಭಯ ಮುಗಿಯಿತು, ಹಕ್ಕೂ ಅಲ್ಲಿಗೆ ಮುಗಿಯಿತು. ಓಡುವವನ ಬೆನ್ನಿಗೆ ಕೊಟ್ಟ ಏಟು ನಿಮ್ಮ ಖಾತೆಗೆ. ಮತ್ತು ನಾನು ನನ್ನ ಜೀವ ಉಳಿಸಿಕೊಳ್ಳೋಕೆ ಹೊಡೆದೆ ಅಂತ ಕೋರ್ಟಿನಲ್ಲಿ ತೋರಿಸಿಕೊಡಬೇಕಾದವರು ನೀವೇ.

ಪೆಪ್ಪರ್ ಸ್ಪ್ರೇ ಹೊಡೆದರೆ ಕೇಸ್ ಗೀಸ್ ಏನೂ ಆಗಲ್ಲ ಅಂತ ಅಂದುಕೊಂಡವರಿಗೆ ಒಂದು ಸುದ್ದಿ. 2024ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಮುಂದೆ ಜಾಗದ ಜಗಳದಲ್ಲಿ ಸ್ಪ್ರೇ ಹೊಡೆದವರ ಪ್ರಕರಣ ಬಂದಿತ್ತು. ಆತ್ಮರಕ್ಷಣೆಗೆ ಹೊಡೆದೆವು, ಕೇಸ್ ರದ್ದು ಮಾಡಿ ಅಂತ ಕೇಳಿದರು. ಜೀವಕ್ಕೆ ಅಪಾಯ ಇದ್ದ ಹಾಗೆ ಕಾಣುತ್ತಿಲ್ಲ, ಪೆಪ್ಪರ್ ಸ್ಪ್ರೇ ಕೂಡ ಅಪಾಯಕಾರಿ ಆಯುಧವೇ ಅಂತ ಹೇಳಿ ಕೋರ್ಟ್ ರದ್ದು ಮಾಡಲಿಲ್ಲ. ಸ್ಪ್ರೇಗೇ ಹೀಗಾದರೆ ಸ್ಟೀಲ್ ಲಾಠಿಗೆ ಏನು ಅಂತ ನೀವೇ ಲೆಕ್ಕ ಹಾಕಿ.

ಹಾಗಾದರೆ ಯಾರಿಗೆ ಕೊಡ್ತೀನಿ? ನಡೆದು ಓಡಾಡುವವರಿಗೆ. ರಾತ್ರಿ ಪಾಳಿ ಮುಗಿಸಿ ಬಸ್ ಸ್ಟಾಪಿನಿಂದ ಮನೆಗೆ ಒಬ್ಬರೇ ಹೋಗುವ ನರ್ಸ್‌ಗಳು, ಬೆಳಗಿನ ಜಾವ ಪೇಪರ್ ಹಾಕುವವರು, ತೋಟದ ಮನೆಗೆ ಕತ್ತಲಲ್ಲಿ ಹೋಗಿಬರುವವರು. ಇವರಿಗೆ ಗ್ಲಾಸ್ ಇಲ್ಲ, ಆಕ್ಸಿಲರೇಟರ್ ಇಲ್ಲ. ಎದುರಿನವನನ್ನು ಎರಡು ಹೆಜ್ಜೆ ಹಿಂದೆ ಸರಿಸಿ, ಅಷ್ಟರಲ್ಲಿ ಬೆಳಕಿರುವ ಕಡೆ ಓಡೋಕೆ ಒಂದು ಸಾಧನ ಬೇಕು. ಈ ಲಾಠಿ ಕೊಡೋದು ಅಷ್ಟೇ, ಎರಡು ಹೆಜ್ಜೆ ಮತ್ತು ಸ್ವಲ್ಪ ಸಮಯ. ಅದಕ್ಕಿಂತ ಜಾಸ್ತಿ ಬೇಕು ಅನ್ನುವವರು ಬೇರೆ ಅಂಗಡಿ ನೋಡಿಕೊಳ್ಳಿ.

ಈಗ ಸಾಮಾನಿನ ವಿಷಯ. ಆನ್‌ಲೈನ್‌ನಲ್ಲಿ 300-400 ರೂಪಾಯಿಗೆ ಸಿಗುತ್ತಲ್ಲ, ಅದರಲ್ಲಿ ಎಷ್ಟೋ ಒಳಗೆ ಸ್ಪ್ರಿಂಗ್ ಇರುವಂಥವು. ಬೀಸಿದರೆ ಬಳುಕುತ್ತೆ, ಸದ್ದು ಜೋರಾಗಿ ಬರುತ್ತೆ, ನೋಡೋಕೆ ಚೆನ್ನಾಗಿರುತ್ತೆ. ಏಟು ಬಿದ್ದ ಕೂಡಲೇ ತುದಿ ಬಾಗಿ ವಾಪಸ್ ನಿಮ್ಮ ಕೈಗೇ ಬಡಿಯುತ್ತೆ. ಅದು ಬೇಡ. ಒಂದರೊಳಗೆ ಒಂದು ಕೂರುವ ಮೂರು ಗಟ್ಟಿ ಕೊಳವೆಯದ್ದು ತಗೊಳ್ಳಿ.

ಉದ್ದ ಸಾಮಾನ್ಯವಾಗಿ 16, 21, 26 ಇಂಚು. ಎಲ್ಲರೂ ಮೊದಲು ಕೇಳೋದು 16, ಜೇಬಿಗೆ ಹಿಡಿಯುತ್ತೆ ಅಂತ. ನನ್ನ ಪ್ರಕಾರ ಅದು ದುಡ್ಡು ದಂಡ. ಅಷ್ಟು ಚಿಕ್ಕದನ್ನು ತಾಗಿಸಬೇಕು ಅಂದರೆ ಅವನು ನಿಮ್ಮ ಕೈ ಹಿಡಿಯುವಷ್ಟು ಹತ್ತಿರ ಬಂದಿರಬೇಕು. 26 ಒಳ್ಳೆಯದೇ, ಆದರೆ ಮಡಚಿದಾಗಲೂ ಉದ್ದ, ಭಾರ ಜಾಸ್ತಿ, ನಾಲ್ಕು ದಿನ ಆದಮೇಲೆ ಮನೆಯಲ್ಲೇ ಬಿಟ್ಟು ಹೋಗ್ತೀರಿ. ಹೆಚ್ಚಿನವರಿಗೆ 21 ಸರಿ. ಮಡಚಿದರೆ 8 ಇಂಚಿನ ಆಸುಪಾಸು, ಸ್ಟೀಲಿನದು ಅರ್ಧ ಕೆಜಿಯಷ್ಟು ತೂಗುತ್ತೆ. ಕೈ ಸೋಲುತ್ತೆ ಅನ್ನುವವರಿಗೆ ಅಲ್ಯೂಮಿನಿಯಂನದು ಇದೆ. ಹಗುರ ಇದ್ದಷ್ಟೂ ಏಟು ಕಮ್ಮಿ ನಿಜ, ಆದರೆ ಬೇಗ ತೆಗೆದು ಬೇಗ ಬೀಸಬಹುದು. ಹೆಣ್ಣುಮಕ್ಕಳು ಇದನ್ನೇ ತಗೊಳ್ಳಲಿ ಅಂತ ನಾನು ಹೇಳೋದು. ಮೊನ್ನೆ ಒಬ್ಬ ಅಕ್ಕ ಎರಡನ್ನೂ ಹಿಡಿದು ನೋಡಿ ಸ್ಟೀಲಿನದೇ ಕೊಡು ಅಂದರು, ದಿನಾ ಕೊಡಪಾನ ಹೊರುವ ಕೈ ಅವರದು, ನಾನು ಸುಮ್ನೆ ಬಿಲ್ ಹಾಕಿದೆ.

ಲಾಕ್ ಎರಡು ಥರ. ಒಂದು ಬಿಗಿತದ್ದು. ಜೋರಾಗಿ ಬೀಸಿದಾಗ ಕೊಳವೆಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುತ್ತವೆ. ಮಡಚಬೇಕಾದರೆ ತುದಿಯನ್ನು ಕಲ್ಲಿಗೋ ಕಾಂಕ್ರೀಟಿಗೋ ನೆಟ್ಟಗೆ ಕುಟ್ಟಬೇಕು. ಮನೆ ಟೈಲ್ಸ್ ಮೇಲೆ ಕುಟ್ಟಿ ಒಡೆದುಕೊಂಡು ನನ್ನ ಹತ್ತಿರ ಬರಬೇಡಿ. ಇನ್ನೊಂದು ಬಟನ್‌ನದ್ದು. ಮೆಲ್ಲಗೆ ಎಳೆದರೂ ಲಾಕ್ ಆಗುತ್ತೆ, ಹಿಂದಿನ ಬಟನ್ ಒತ್ತಿದರೆ ಸದ್ದಿಲ್ಲದೆ ಒಳಗೆ ಹೋಗುತ್ತೆ. ರೇಟು ಜಾಸ್ತಿ, ಒಳಗೆ ಮಣ್ಣು ಹೋದರೆ ಹಠ ಮಾಡುತ್ತೆ. ನಮ್ಮ ಕಡೆಯ ಧೂಳಿಗೆ ಬಿಗಿತದ್ದೇ ವಾಸಿ, ಆದರೆ ಅರೆಮನಸ್ಸಿನಿಂದ ಬಿಡಿಸಿದರೆ ಅದು ಲಾಕ್ ಆಗಲ್ಲ, ನೆಲಕ್ಕೆ ಊರಿದ ಕೂಡಲೇ ಮಡಚಿಕೊಂಡುಬಿಡುತ್ತೆ. ಹಾಗಾಗಿ ಮನೆಯಲ್ಲಿ, ಹತ್ತಿರ ಯಾರೂ ಇಲ್ಲದಾಗ, ಕೈಗೆ ರೂಢಿ ಆಗುವವರೆಗೆ ಬಿಡಿಸಿ ಮಡಚಿ ಮಾಡಿ.

ಅಂಗಡಿಯಲ್ಲೇ ಪರೀಕ್ಷೆ ಮಾಡಿ ತಗೊಳ್ಳಿ. ಮಡಚಿದ ಲಾಠಿಯನ್ನು ಬಾಯಿ ಕೆಳಗೆ ಮಾಡಿ ಹಿಡಿದು ನಾಲ್ಕು ಸಲ ಅಲ್ಲಾಡಿಸಿ. ಜಾರಿ ಹೊರಗೆ ಬಂದರೆ ಹಿಂದಿನ ಕ್ಯಾಪ್ ಬಿಚ್ಚಿ ಒಳಗಿರುವ ಕ್ಲಿಪ್ ನೋಡಿ. ಅದರ ಎರಡು ರೆಕ್ಕೆಗಳನ್ನು ಸ್ವಲ್ಪ ಹೊರಗೆ ಬಾಗಿಸಿದರೆ ಬಿಗಿಯಾಗುತ್ತೆ. ಬಿಡಿಸಿದ ಮೇಲೆ ನೆಲಕ್ಕೆ ಊರಿ ಮೈಭಾರ ಸ್ವಲ್ಪ ಹಾಕಿ. ಹಿಡಿಯ ಫೋಮ್ ಅನ್ನು ಎರಡೂ ಕೈಯಲ್ಲಿ ಹಿಂಡಿ ತಿರುಗಿಸಿ, ತಿರುಗಿತು ಅಂದರೆ ಬೆವರು ಕೈಯಲ್ಲಿ ಅದು ನಿಲ್ಲಲ್ಲ. ತುದಿಯ ಗುಂಡು ಥ್ರೆಡ್‌ನಲ್ಲಿ ಕೂತಿರುತ್ತೆ, ಬಿಗಿಯಾಗಿದೆಯಾ ನೋಡಿ, ಇಲ್ಲದಿದ್ದರೆ ಬೀಸುವಾಗ ಅದೊಂದೇ ಹಾರಿಹೋಗುತ್ತೆ. ಮನೆಗೆ ತಗೊಂಡು ಹೋದಮೇಲೆ ತೆಂಗಿನೆಣ್ಣೆ, ಗಾಡಿ ಆಯಿಲ್ ಏನೂ ಹಾಕಬೇಡಿ. ಬಿಗಿತದಿಂದ ನಿಲ್ಲುವ ಸಾಮಾನಿಗೆ ಎಣ್ಣೆ ಹಾಕಿದರೆ ನಿಲ್ಲುತ್ತಾ? ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹ್ಯಾಂಡ್‌ಬ್ಯಾಗ್ ತಳದಲ್ಲಿ, ಟಿಫಿನ್ ಡಬ್ಬಿ, ಕೊಡೆ, ಚಾರ್ಜರ್ ಕೆಳಗೆ ಇದ್ದರೆ ಅದು ಇದ್ದೂ ಇಲ್ಲ. ಅನುಮಾನದ ಜಾಗ ದಾಟುವಾಗ ಕೈಯಲ್ಲೇ ಇರಬೇಕು. ಬೀಸಲೇಬೇಕಾಗಿ ಬಂದರೆ ತೊಡೆ, ಮೀನಖಂಡ, ಇಷ್ಟೇ ಗುರಿ. ತಲೆ, ಕುತ್ತಿಗೆ, ಬೆನ್ನುಮೂಳೆ ಕಡೆ ಹೋಗಲೇಬೇಡಿ. ಪೊಲೀಸ್ ತರಬೇತಿಯಲ್ಲೂ ಇದನ್ನೇ ಹೇಳಿಕೊಡೋದು.

ಇನ್ನು ಬೆಳಗಿನ ವಾಕಿಂಗ್‌ಗೆ, ಬೀದಿನಾಯಿ ಕಾಟಕ್ಕೆ ಅಂತ ಕೇಳುವ ಹಿರಿಯರು. ಯಜಮಾನ್ರೇ, ನಿಮಗೆ ಫೋಲ್ಡಿಂಗ್ ಬೇಡವೇ ಬೇಡ. ನಾಯಿಗೆ ಮಡಚಿದ ಕರೀ ಕೊಳವೆ ನೋಡಿ ಭಯ ಆಗಲ್ಲ, ಉದ್ದದ ಕೋಲು ಕಂಡರೆ ದೂರದಿಂದಲೇ ದಾರಿ ಬಿಡುತ್ತೆ, ಹೊಡೆಯುವ ಪ್ರಶ್ನೆಯೇ ಬರಲ್ಲ. ಇದರಲ್ಲಿ ಕಾನೂನಿನ ಒಂದು ತಮಾಷೆಯೂ ಇದೆ. 1959ರ ಆಯುಧ ಕಾಯ್ದೆಯಲ್ಲಿ ಆಯುಧ ಅಂದರೆ ಏನು ಅಂತ ಹೇಳುವಾಗ, ಮನೆಬಳಕೆಗೆ, ಬೇಸಾಯಕ್ಕೆ ಅಂತಲೇ ಮಾಡಿದ ಲಾಠಿ ಮತ್ತು ಸಾಮಾನ್ಯ ಊರುಗೋಲನ್ನು ಹೆಸರು ಹೇಳಿಯೇ ಹೊರಗಿಟ್ಟಿದ್ದಾರೆ. ಫೋಲ್ಡಿಂಗ್ ಲಾಠಿ ಊರುಗೋಲೂ ಅಲ್ಲ, ದನ ಕಾಯೋಕೆ ಮಾಡಿದ್ದೂ ಅಲ್ಲ. ಅದು ಇರೋದೇ ಹೊಡೆಯೋಕೆ ಅಂತ ಯಾರಿಗಾದರೂ ಗೊತ್ತಾಗುತ್ತೆ. ಠಾಣೆಯಲ್ಲಿ "ಇದು ಯಾಕೆ ಇಟ್ಟುಕೊಂಡಿದ್ದೆ?" ಅಂತ ಕೇಳಿದರೆ ಬೆತ್ತದ ಕೋಲಿಗೆ ಉತ್ತರ ಸುಲಭ, ಇದಕ್ಕೆ ಯೋಚನೆ ಮಾಡಬೇಕು.

ಹಬ್ಬ, ಮೆರವಣಿಗೆ, ಗಲಾಟೆ, ಎಲೆಕ್ಷನ್ ಸಮಯದಲ್ಲಿ ನಿಷೇಧಾಜ್ಞೆ ಹಾಕಿದಾಗ, ಹಿಂದೆ ಸೆಕ್ಷನ್ 144 ಅನ್ನುತ್ತಿದ್ದದ್ದು ಈಗ ಸೆಕ್ಷನ್ 163, ದೊಣ್ಣೆ, ಲಾಠಿ ಹಿಡಿದು ಓಡಾಡೋದಕ್ಕೂ ತಡೆ ಇರುತ್ತೆ. ಆಗ ಮನೆಯಲ್ಲೇ ಇಡಿ. ಬೆಂಗಳೂರಿಗೆ ಹೋದರೆ ಮೆಟ್ರೊ ಸ್ಕ್ಯಾನರ್‌ನಲ್ಲಿ ಸಿಕ್ಕಿಬೀಳುತ್ತೆ, ವಿಮಾನದ ಕೈಬ್ಯಾಗಿನಲ್ಲಂತೂ ಬಿಡುವುದೇ ಇಲ್ಲ. ಹೊರದೇಶದಲ್ಲಿರುವ ಮಕ್ಕಳಿಗೆ ಕಳಿಸೋಕೆ ಕೇಳುವ ತಾಯಂದಿರೂ ಇದ್ದಾರೆ. ದಯವಿಟ್ಟು ಬೇಡ ಅಮ್ಮ. ಇಂಗ್ಲೆಂಡ್‌ನಲ್ಲಿ ಇದನ್ನು ಮಾರುವ ಹಾಗಿಲ್ಲ, 2021ರ ಜುಲೈನಿಂದ ಸ್ವಂತ ಮನೆಯೊಳಗೆ ಇಟ್ಟುಕೊಳ್ಳೋದೂ ಅಪರಾಧ. ಜರ್ಮನಿಯಲ್ಲಿ ಬೀದಿಗೆ ತಗೊಂಡು ಹೋಗುವ ಹಾಗಿಲ್ಲ. ಓದೋಕೆ ಹೋದ ಮಗಳ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಪಕ್ಕ ಇದನ್ನು ಹಾಕಿ ಕಳಿಸಿದರೆ ನೀವೇ ಅವಳನ್ನು ಸಿಕ್ಕಿಸಿದ ಹಾಗೆ.

ಕೊನೆಗೆ, ನಿಜವಾಗಿ ಉಪಯೋಗಿಸಬೇಕಾಗಿ ಬಂತು ಅಂದುಕೊಳ್ಳಿ. ಅಲ್ಲಿಂದ ಹೊರಟು ಜನ ಇರುವ ಕಡೆ ಬಂದು 112ಕ್ಕೆ ನೀವೇ ಮೊದಲು ಫೋನ್ ಮಾಡಿ. ನಿಮಗೆ ಸಣ್ಣ ಗೀರು ಆಗಿದ್ದರೂ ಸರ್ಕಾರಿ ಆಸ್ಪತ್ರೆಗೆ ಹೋಗಿ ಬರೆಸಿಕೊಳ್ಳಿ. ಲಾಠಿಯನ್ನು ತೊಳೆಯಬೇಡಿ, ಅಟ್ಟದ ಮೇಲೆ ಬಚ್ಚಿಡಬೇಡಿ, ಪೊಲೀಸರು ಕೇಳಿದಾಗ ಕೊಟ್ಟುಬಿಡಿ. ಕೇಸ್ ಮುಗಿಯುವವರೆಗೆ ಅದು ವಾಪಸ್ ಬರೋದು ಕಷ್ಟ, ಹೊರಗಿನಿಂದ ತರಿಸಿದ ದುಬಾರಿ ಬ್ರ್ಯಾಂಡೇ ಬೇಕು ಅನ್ನುವವರು ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.